ಕಂಬಳಿಗೆ ದಾಖಲೆ ಇದೆ, ಕೌದಿಗೆ ಇಲ್ಲ

ಚಳಿ ಶುರುವಾಯಿತೆಂದರೆ ಜಿಲ್ಲಾ ಪುಟಗಳಲ್ಲಿ ಒಂದು ಫೋಟೊ ಖಾಯಂ. ಬಸ್ ನಿಲ್ದಾಣದ ಪಕ್ಕದ ಖಾಲಿ ಜಾಗದಲ್ಲಿ ಸಾಲು ಅಂಗಡಿ, ತೂಗುಹಾಕಿದ ಸ್ವೆಟರ್, ಕೆಳಗೆ ಗುಡ್ಡೆ ಹಾಕಿದ ಹುಲಿ ಚಿತ್ರದ ರಗ್ಗು. ಅಡಿಬರಹವೂ ಹೆಚ್ಚುಕಮ್ಮಿ ಅದೇ: ‘ನಗರದಲ್ಲಿ ಹೆಚ್ಚಿದ ಚಳಿ, ಬೆಚ್ಚನೆಯ ಉಡುಪಿಗೆ ಮುಗಿಬಿದ್ದ ಜನ’. ಆ ಅಂಗಡಿಗಳು ಬರುವ ಮೊದಲು ಇದೇ ಊರಿನ ಜನ ಏನು ಹೊದೆಯುತ್ತಿದ್ದರು ಎಂಬ ಪ್ರಶ್ನೆ ಆ ಅಡಿಬರಹದಲ್ಲಿ ಬರುವುದಿಲ್ಲ.

ವಿಜಯಪುರ, ಬೀದರ್ ಕಡೆ ಡಿಸೆಂಬರಿನ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಮಣ್ಣಿನ ಗೋಡೆ, ಸಂದಿಯಿರುವ ಬಾಗಿಲು, ಇಲ್ಲವೇ ಹೊಲದ ನಡುವಿನ ಗುಡಿಸಲು. ಅಲ್ಲಿ ಮಲಗುವವರಿಗೆ ಹೊದಿಕೆ ಇಲ್ಲದೆ ರಾತ್ರಿ ಕಳೆಯುತ್ತಿರಲಿಲ್ಲ. ಆ ಹೊದಿಕೆ ಎರಡು ಬಗೆಯದು. ಒಂದು ಕುರಿಯ ಮೈಯಿಂದ ಬಂದದ್ದು, ಇನ್ನೊಂದು ಅವ್ವನ ಹಳೇ ಸೀರೆಯಿಂದ ಬಂದದ್ದು. ಒಂದು ಕಂಬಳಿ, ಇನ್ನೊಂದು ಕೌದಿ. ಎರಡೂ ಮನೆಯಲ್ಲೇ ಆಗುತ್ತಿದ್ದವು. ಆದರೆ ಚರಿತ್ರೆ ಅವೆರಡನ್ನೂ ಒಂದೇ ರೀತಿ ನಡೆಸಿಕೊಂಡಿಲ್ಲ.

ಎರಡೂವರೆ ಸಾವಿರ ವರ್ಷದ ಪದ

ಮೊದಲು ಕಂಬಳಿ. ಸಂಸ್ಕೃತದ ‘ಕಂಬಲ’ ಎಂಬ ಪದ ಪಾಣಿನಿಯ ವ್ಯಾಕರಣದಲ್ಲೇ ಇದೆ. ಬುದ್ಧನ ಕಾಲದಲ್ಲಿದ್ದ ಒಬ್ಬ ಲೋಕಾಯತ ಚಿಂತಕನ ಹೆಸರೇ ಅಜಿತ ಕೇಶಕಂಬಲಿ. ಕೂದಲಿನ ಕಂಬಳಿ ಹೊದ್ದವನು ಎಂದು ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರ ಖಜಾನೆಗೆ ಬರುವ ಬೆಲೆಬಾಳುವ ವಸ್ತುಗಳ ಪಟ್ಟಿಯಲ್ಲಿ ಕುರಿ ಉಣ್ಣೆಯ ಕಂಬಳಿಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತದೆ. ನಮ್ಮಲ್ಲಿ ವಿಜಯನಗರ ಕಾಲದ ಶಾಸನಗಳಲ್ಲಿ ‘ಮಗ್ಗದೆರೆ’ ಬರುತ್ತದೆ. ಮಗ್ಗ ಇದ್ದವನು ಸರ್ಕಾರಕ್ಕೆ ಲೆಕ್ಕ ಕೊಡಬೇಕಿತ್ತು. ಲೆಕ್ಕ ಕೊಟ್ಟಿದ್ದರಿಂದಲೇ ಅವನು ದಾಖಲೆಯಲ್ಲಿ ಉಳಿದ.

ಬ್ರಿಟಿಷರೂ ಕಂಬಳಿಯನ್ನು ಬರೆದುಕೊಂಡರು. 1799ರಲ್ಲಿ ಟಿಪ್ಪು ಸತ್ತ ಮರುವರ್ಷವೇ, ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ನೋಡಿ ಬರಲು ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಲಾಯಿತು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕುರಿ ಸಾಕುವ, ಕಂಬಳಿ ನೇಯುವ ಕುರುಬರು ಅದರಲ್ಲಿದ್ದಾರೆ. ಮುಂದೆ ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ, 1909ರಲ್ಲಿ ಬಂದ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಮತ್ತೆ ಕಂಬಳಿ ಬರುತ್ತದೆ. ಮಾರಾಟವಾಗುವ ವಸ್ತು, ತೆರಿಗೆ ಹಾಕಬಹುದಾದ ವಸ್ತು ಯಾವ ಆಳುವವರ ಕಣ್ಣಿಗೂ ಬೀಳದೆ ಇರುವುದಿಲ್ಲ.

ಒಂದು ಕಂಬಳಿಗೆ ಎಷ್ಟು ಕೈ?

ಕಂಬಳಿಗೆ ಆಗುವುದು ದಖ್ಖನಿ ಕುರಿಯ ಉಣ್ಣೆ. ಒಣ ಬಯಲಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುವ ಗಟ್ಟಿ ಕುರಿ ಇದು. ಉಣ್ಣೆ ಒರಟು, ಬಣ್ಣ ಹೆಚ್ಚಾಗಿ ಕಪ್ಪು. ಹಾಗಾಗಿ ಕರಿ ಕಂಬಳಿಗೆ ಬಣ್ಣದ ಖರ್ಚಿಲ್ಲ, ಒಗೆದರೆ ಬಣ್ಣ ಬಿಡುವ ಮಾತಿಲ್ಲ. ವರ್ಷಕ್ಕೆ ಎರಡು ಬಾರಿ ಕತ್ತರಿಸುವುದು ವಾಡಿಕೆ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ. ಅದರಿಂದ ನೇಯ್ದ ಕಂಬಳಿಗೆ ಬೆಲೆ ಜಾಸ್ತಿ.

ಕತ್ತರಿಸುವ ಮೊದಲು ಕುರಿಯನ್ನು ಕೆರೆ, ಹಳ್ಳದಲ್ಲಿ ಮೈ ತೊಳೆಯಬೇಕು. ಕತ್ತರಿಸಿದ ಉಣ್ಣೆಯಲ್ಲಿ ಮುಳ್ಳು, ಕಸ ಆರಿಸಬೇಕು, ಬಣ್ಣ ಬೇರೆ ಮಾಡಬೇಕು, ಹಿಂಜಬೇಕು. ಆಮೇಲೆ ರಾಟೆಯಲ್ಲಿ ನೂಲುವುದು. ಬಹುತೇಕ ಕಡೆ ಇದು ಹೆಂಗಸರ ಕೆಲಸ. ಅಡುಗೆ, ಹೊಲ, ಮಕ್ಕಳು ಎಲ್ಲ ಮುಗಿದ ಮೇಲೆ ಕೂತು ಮಾಡುವ ಕೆಲಸ. ನೂಲಿಗೆ ಗಟ್ಟಿತನ ಬರಲು ಹುಣಸೆ ಬೀಜ ನೆನೆಸಿ, ಅರೆದು, ಕುದಿಸಿ ಮಾಡಿದ ಗಂಜಿ ಬಳಿಯುತ್ತಾರೆ. ಹುಣಸೆ ಹಣ್ಣು ಅಡುಗೆಮನೆಗೆ, ಬೀಜ ಮಗ್ಗಕ್ಕೆ. ಕೊನೆಗೆ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ‘ನೇಕಾರ’ ಎಂದು ಹೆಸರು ಬೀಳುವುದು ಆ ಕುಣಿಯಲ್ಲಿ ಕೂತವನಿಗೆ. ಅವನ ಹಿಂದೆ ನೂಲಿನ ಇಷ್ಟೆಲ್ಲ ಕೈಗಳಿರುತ್ತವೆ.

ಇಷ್ಟು ಕಷ್ಟಪಟ್ಟು ಮಾಡಿದ ಕಂಬಳಿಯ ಉಪಯೋಗ ಚಳಿಗಷ್ಟೇ ಅಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ. ಅದರ ಸಹಜವಾದ ಜಿಡ್ಡು ಮಳೆಹನಿಯನ್ನು ಜಾರಿಸುತ್ತದೆ. ಆದ್ದರಿಂದಲೇ ಮಳೆಗಾಲದಲ್ಲಿ ಅದು ತಲೆಯ ಮೇಲಿನ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಬೇಸಿಗೆಯಲ್ಲಿ ಮರದಡಿಯ ಹಾಸು. ಸಂತೆಯಲ್ಲಿ ಕಾಳು ಸುರಿಯಲು ಅದೇ, ನವಜಾತ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ತರಲೂ ಅದೇ.

ಕಂಬಳಿಗೆ ಒಂದು ಗೌರವವೂ ಇದೆ. ಮೈಲಾರಲಿಂಗನ ಗೊರವರು ಕರಿ ಕಂಬಳಿ ತೊಟ್ಟು ಕುಣಿಯುತ್ತಾರೆ. ಹಾಲುಮತದ ಆಚರಣೆಗಳಲ್ಲಿ ಕಂಬಳಿ ಹಾಸಿದ ಜಾಗವೇ ಗದ್ದುಗೆ. ಊರಿನ ಚೌಕಗಳಲ್ಲಿರುವ ಕನಕದಾಸರ ಎಷ್ಟೋ ಮೂರ್ತಿಗಳ ಹೆಗಲ ಮೇಲೆ ಕಂಬಳಿ ಇದೆ. ಮದುವೆಯ ಹಸೆಗೆ ಕಂಬಳಿ ಹಾಸುವ ಪದ್ಧತಿ ಹಲವು ಸಮುದಾಯಗಳಲ್ಲಿದೆ. ಆದರೆ ಅದೇ ಕಂಬಳಿಯನ್ನು ಹೊದ್ದು ಬಂದ ಮನುಷ್ಯನನ್ನು ಮನೆಯ ಒಳಗೆ ಕರೆಯದೆ ಜಗುಲಿಯಲ್ಲೇ ಕೂರಿಸಿದ ಮನೆಗಳೂ ನಮ್ಮ ಹಳ್ಳಿಗಳಲ್ಲಿದ್ದವು. ಹಸೆಗೆ ಬೇಕಾದ ಕಂಬಳಿಯನ್ನು ಯಾರು ನೇಯ್ದರು ಎಂಬುದನ್ನು ಶುಭಕಾರ್ಯದ ದಿನ ಯಾರೂ ಕೇಳುತ್ತಿರಲಿಲ್ಲ.

ಬರೆಯದೆ ಉಳಿದ ಕೌದಿ

ಈಗ ಕೌದಿಗೆ ಬನ್ನಿ. ಬುಕಾನನ್ ಪುಸ್ತಕದ ಕಂಬಳಿಗೆ ಸಮನಾಗಿ ಕೌದಿಯನ್ನು ಹುಡುಕಲು ಹೊರಟರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಅದಕ್ಕೆ ಮಗ್ಗ ಬೇಡ, ಸಂತೆ ಬೇಡ. ಅದರ ಮೇಲೆ ತೆರಿಗೆ ಬೀಳಲಿಲ್ಲ. ಮಾಡಿದವಳಿಗೆ ಕೂಲಿ ಇರಲಿಲ್ಲ, ಮಾಡಿದ್ದಕ್ಕೆ ಬೆಲೆ ಇರಲಿಲ್ಲ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಮನೆಯಲ್ಲಿದ್ದ ವಸ್ತು ದಾಖಲೆಯಲ್ಲಿ ಮಾತ್ರ ಇಲ್ಲ.

ಮಾಡುವ ರೀತಿ ನೋಡಲು ಸರಳ. ಸುಗ್ಗಿ ಮುಗಿದ ಬಿಡುವಿನಲ್ಲಿ, ಅಂಗಳದಲ್ಲಿ ಹಳೇ ಸೀರೆ ಹಾಸಿ, ಅದರ ಮೇಲೆ ಧೋತರ, ಅಂಗಿ, ಕುಪ್ಪಸದ ತುಂಡುಗಳನ್ನು ಪದರಪದರವಾಗಿ ಜೋಡಿಸಿ, ಮೇಲೆ ಇನ್ನೊಂದು ಸೀರೆ ಹೊದಿಸುತ್ತಾರೆ. ನಾಲ್ಕೂ ಅಂಚಿನಿಂದ ಶುರುವಾದ ಹೊಲಿಗೆ ಸಾಲುಸಾಲಾಗಿ ನಡುವಿನ ಕಡೆ ಬರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಜನ ಕೂತರೆ ಕೆಲಸ ಬೇಗ, ಮಾತೂ ಬೇಕಾದಷ್ಟು. ಬಟ್ಟೆ ಹೊಸದಾಗಿರಬಾರದು. ನೂರಾರು ಬಾರಿ ಒಗೆದ ಹತ್ತಿ ಬಟ್ಟೆಯೇ ಮೆತ್ತಗಿರುತ್ತದೆ, ಸೂಜಿಯೂ ಸಲೀಸಾಗಿ ಇಳಿಯುತ್ತದೆ. ಪದರಗಳ ನಡುವೆ ನಿಂತ ಗಾಳಿ ಮೈಶಾಖವನ್ನು ಹೊರಗೆ ಬಿಡುವುದಿಲ್ಲ. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿ ಇದರ ಅಕ್ಕತಂಗಿಯರು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೌದಿಯದು ಇನ್ನೊಂದು ಚೆಂದ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು; ಅನೇಕರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು. ಅವರ ಕೌದಿಯಲ್ಲಿ ಗಾಢ ಬಣ್ಣದ ತುಂಡುಗಳು ಮೇಲೆಯೇ ಕಾಣುತ್ತವೆ. ನಾಲ್ಕು ಮೂಲೆಗೂ ಪದರ ಮಡಿಚಿ ತ್ರಿಕೋನದ ‘ಫೂಲ್’ ಕೂರಿಸುತ್ತಾರೆ. ಆ ಹೂ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ. ಓದು ಬರಹ ಸಿಗದೆ ಇದ್ದ ಕಾಲದಲ್ಲೂ ಒಬ್ಬಳ ಕೈಕೆಲಸವನ್ನು ಇನ್ನೊಬ್ಬಳು ದೂರದಿಂದಲೇ ಗುರುತಿಸುತ್ತಿದ್ದಳು.

ಕೌದಿಯೇ ಒಂದು ದಾಖಲೆ ಎನ್ನಬಹುದು. ಒಂದು ಪದರದಲ್ಲಿ ಮದುವೆಯ ಇಳಕಲ್ ಸೀರೆ, ಇನ್ನೊಂದರಲ್ಲಿ ತೀರಿಕೊಂಡ ಅಜ್ಜನ ಧೋತರ, ಮತ್ತೊಂದರಲ್ಲಿ ಮಗನ ಶಾಲೆಯ ಖಾಕಿ ಚಡ್ಡಿ. ಮನೆಗೆ ಮಿಲ್ ಬಟ್ಟೆ ಯಾವಾಗ ಬಂತು, ಪಾಲಿಯೆಸ್ಟರ್ ಯಾವಾಗ ಬಂತು ಎಂಬುದು ಅದರ ಹೊಟ್ಟೆ ಬಿಚ್ಚಿದರೆ ಗೊತ್ತಾಗುತ್ತದೆ.

ಹೊದಿಕೆಯ ಜತೆಗಿದ್ದ ಸುಗ್ಗಿ

ಈ ಹೊದಿಕೆಗಳು ಪೆಟ್ಟಿಗೆಯಲ್ಲಿ ಇಡುವ ವಸ್ತುಗಳಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಬಂಡಿ ಕಟ್ಟಿದರೆ, ಬಂಡಿಯಲ್ಲಿ ಹಾಸಲು ಕೌದಿ. ಸಜ್ಜೆ ರೊಟ್ಟಿ, ಕಾಳುಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿದಾಗ ಹೊಲದಲ್ಲಿ ಕೂರಲು ಕಂಬಳಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಬಿಳಿಜೋಳ ಹಾಲುಗಾಳಾದಾಗ, ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಬಿಸಿಯಾಗಿಯೇ ತಿಕ್ಕಿ ಉದುರಿಸಿದ ಸೀತನಿ ಬೀಳುತ್ತಿದ್ದುದೂ ಕಂಬಳಿಯ ಮೇಲೆಯೇ. ಹಳೇ ಮೈಸೂರಿನ ಕಡೆ ಸೊಗಡವರೆ ಸುಲಿಯುತ್ತ, ಎಳ್ಳಿಗೆ ಬೆಲ್ಲ ಕೊಬ್ಬರಿ ಹೆಚ್ಚುತ್ತ ಕೂತ ಮುದುಕಿಯ ಹೆಗಲ ಮೇಲೂ ಅದೇ. ರಾತ್ರಿ ಬೆಳೆ ಕಾಯುವವನಿಗೆ, ಹೊಲದಲ್ಲಿ ಕುರಿ ತರುಬಿ ಮಲಗಿದವನಿಗೆ ಅದೇ ಮನೆ.

ಇದನ್ನೆಲ್ಲ ಬರೆಯುವಾಗ ಹಳೇ ಕಾಲ ಸುಖವಾಗಿತ್ತು ಎಂದು ಅನಿಸಿಬಿಡುವ ಅಪಾಯವಿದೆ. ಒಂದೇ ಕಂಬಳಿಯ ಕೆಳಗೆ ಮೂವರು ಮಕ್ಕಳು ಎಳೆದಾಡುತ್ತಿದ್ದುದು ಪ್ರೀತಿಗಲ್ಲ, ಎರಡನೆಯ ಕಂಬಳಿ ಇಲ್ಲದ್ದಕ್ಕೆ. ಕೌದಿ ಹೊಲಿದದ್ದು ಹವ್ಯಾಸಕ್ಕಲ್ಲ, ಕೊಳ್ಳಲು ದುಡ್ಡಿಲ್ಲದ್ದಕ್ಕೆ. ಆ ಬಡತನದಲ್ಲೂ ಮೂಲೆಗೊಂದು ಹೂ ಇಟ್ಟರಲ್ಲ, ಅದನ್ನು ಮಾತ್ರ ಬಡತನದ ಲೆಕ್ಕಕ್ಕೆ ಸೇರಿಸಲು ಆಗುವುದಿಲ್ಲ.

ಯಾವಾಗ ಬದಲಾಯಿತು?

ಬದಲಾವಣೆ ಒಂದೇ ದಿನ ಬರಲಿಲ್ಲ. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಶುರುವಾಯಿತು. ಜನರ ಬಾಯಲ್ಲಿ ಅದು ಬಿನ್ನಿ ಮಿಲ್. ಸೈನ್ಯಕ್ಕೆ ಅಲ್ಲಿಂದ ಕಂಬಳಿ ಹೋಗುತ್ತಿತ್ತು. ಯಂತ್ರದ ಕಂಬಳಿ ಬಂದರೂ ಹಳ್ಳಿಯ ಕುಣಿಮಗ್ಗ ನಿಲ್ಲಲಿಲ್ಲ. ಕುರಿಗಾರನಿಗೆ ಬೇಕಾದ ದಪ್ಪ, ಒರಟು, ಮಳೆ ತಡೆಯುವ ಕಂಬಳಿಯನ್ನು ಗಿರಣಿ ಮಾಡುತ್ತಿರಲಿಲ್ಲ. ಚಳ್ಳಕೆರೆಯ ಕಂಬಳಿಗೆ ಹೆಸರು ಉಳಿದದ್ದು ಹೀಗೆ. ಇಂದು ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳಿವೆ.

ಆಮೇಲೆ ಬಂದವರು ಟಿಬೆಟನ್ನರು. 1960ರ ಕೊನೆಯಿಂದ ಬೈಲಕುಪ್ಪೆಯಲ್ಲಿ, 1966ರಿಂದ ಮುಂಡಗೋಡದಲ್ಲಿ ನೆಲೆ ಕಂಡ ನಿರಾಶ್ರಿತರು ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರತೊಡಗಿದರು. ಮೊದಮೊದಲು ಕೈಯಲ್ಲಿ ಹೆಣೆದದ್ದು, ಬರುಬರುತ್ತ ಲುಧಿಯಾನಾದ ಸರಕು. ನಮಗೆ ಅದು ಚಳಿಗಾಲದ ಫೋಟೊ, ಅವರಿಗೆ ಅದು ವರ್ಷದ ಸಂಪಾದನೆಯ ದೊಡ್ಡ ಪಾಲು.

ಅಗ್ಗದ ಕಂಬಳಿಯ ಕಥೆ ಇನ್ನೂ ವಿಚಿತ್ರ. ಅದರಲ್ಲಿ ಹೆಚ್ಚಿನ ಪಾಲು ಹರಿಯಾಣದ ಪಾಣಿಪತ್‌ನಿಂದ ಬರುತ್ತದೆ. ಶ್ರೀಮಂತ ದೇಶಗಳು ಬಿಸಾಡಿದ ಉಣ್ಣೆಯ ಕೋಟು, ಸ್ವೆಟರುಗಳು ಹಡಗಿನಲ್ಲಿ ಬಂದು, ಅಲ್ಲಿ ಹರಿದು, ಹಿಂಜಿ, ಮತ್ತೆ ನೂಲಾಗುತ್ತವೆ. ಇದಕ್ಕೆ ‘ಶಾಡಿ’ ಎನ್ನುತ್ತಾರೆ. ಈ ವಿದ್ಯೆಯನ್ನು 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿಯ ಬೆಂಜಮಿನ್ ಲಾ ಶುರು ಮಾಡಿದ. ಹಳೇ ಬಟ್ಟೆಯಿಂದ ಹೊದಿಕೆ ಮಾಡಿದವನ ಹೆಸರು, ಊರು, ಇಸವಿ ಎಲ್ಲವೂ ಚರಿತ್ರೆಯಲ್ಲಿದೆ. ಅದಕ್ಕೂ ಮೊದಲಿಂದ ಹಳೇ ಬಟ್ಟೆಗೆ ಸೂಜಿ ಹಾಕುತ್ತ ಬಂದ ಕೈಗಳಲ್ಲಿ ಒಂದರ ಹೆಸರೂ ನಮ್ಮ ಬಳಿ ಇಲ್ಲ.

ಈಗ ಕುರಿಯೇ ಬದಲಾಗುತ್ತಿದೆ. ಮಾಂಸಕ್ಕೆ ಬೆಲೆ, ಉಣ್ಣೆಗೆ ಇಲ್ಲ. ಹಾಗಾಗಿ ಬೇಗ ಬೆಳೆಯುವ, ಉಣ್ಣೆ ಇಲ್ಲದ ನೆಲ್ಲೂರು ಟಗರು ಹಿಂಡಿಗೆ ಬರುತ್ತಿದೆ. ಬಾಗಲಕೋಟೆಯ ಯಳಗ, ರಾಯಚೂರಿನ ಕೆಂಗುರಿ ತಳಿಗಳಿಗೆ ಬೇಡಿಕೆ. ಕತ್ತರಿಸಿದ ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟದಿದ್ದಾಗ ಕುರಿಗಾರ ಅದನ್ನು ಹೊಲದಲ್ಲೇ ಬಿಟ್ಟು ಹೋಗುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಅವನಿಗೆ ಕುರಿ ಸಾಕುವುದು ಬದುಕು, ಪರಂಪರೆ ಉಳಿಸುವ ಗುತ್ತಿಗೆಯಲ್ಲ. ಇತ್ತ ಸೀರೆಯೂ ಸಿಂಥೆಟಿಕ್ ಆಗಿ, ಕೌದಿಗೆ ಬೇಕಾದ ಮೆತ್ತನೆಯ ಹತ್ತಿ ಮನೆಯಲ್ಲಿ ಸಿಗುತ್ತಿಲ್ಲ. ನಗರದ ಅಂಗಡಿಗಳಲ್ಲಿ ಕೌದಿಗೆ ಸಾವಿರಾರು ರೂಪಾಯಿ ಬೆಲೆ ಬಂದಿದೆ ನಿಜ. ಅದರಿಂದ ಕೆಲವು ಹೆಂಗಸರ ಕೈಗೆ ಮೊದಲ ಸಲ ಕೂಲಿಯೂ ಬಂದಿದೆ. ಆದರೆ ಆ ಕೌದಿಯ ಚೀಟಿಯ ಮೇಲೆ ಅಂಗಡಿಯ ಹೆಸರಿರುತ್ತದೆ, ಹೊಲಿದವಳದ್ದಲ್ಲ.

ಹಳ್ಳಿಯಿಂದ ಬರೆಯುವ ನಮ್ಮಂಥವರಿಗೆ ಇಲ್ಲೊಂದು ಕೆಲಸವಿದೆ. ಆಳುವವರು ಮಾರುವ ವಸ್ತುವನ್ನು ಬರೆದುಕೊಂಡರು, ಮನೆಯ ವಸ್ತುವನ್ನು ಬಿಟ್ಟರು. ಆ ಬಿಟ್ಟ ಭಾಗ ಇನ್ನೂ ಮನೆಯ ಅಟ್ಟದ ಮೇಲೆ, ಹಗ್ಗದ ಮೇಲೆ ಇದೆ. ಈ ಚಳಿಗೆ ನಿಮ್ಮ ಮನೆಯ ಹಳೇ ಕೌದಿಯನ್ನು ಬಿಸಿಲಿಗೆ ಹಾಕುವಾಗ ಅದನ್ನು ಯಾರು ಹೊಲಿದರು, ಯಾವ ವರ್ಷ, ಯಾರ ಸೀರೆ, ನಾಲ್ಕು ಮೂಲೆಗೆ ಯಾರ್ಯಾರು ಕೂತಿದ್ದರು ಎಂದು ಕೇಳಿ ಬರೆದಿಡಿ. ಉತ್ತರ ಹೇಳಬಲ್ಲವರಿಗೆ ಈಗ ಎಪ್ಪತ್ತು ದಾಟಿದೆ.