ಚಿನ್ನದ ಲೆಕ್ಕ, ಜೀವದ ಲೆಕ್ಕ

ಪ್ರತಿವರ್ಷ ಎಪ್ರಿಲ್ 14ರಂದು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನದ ಆಚರಣೆ ನಡೆಯುತ್ತದೆ. ಕಚೇರಿಗಳಲ್ಲಿ ಬೆಂಕಿ ಆರಿಸುವ ಪ್ರಾತ್ಯಕ್ಷಿಕೆ ಆಗುತ್ತದೆ. ನಾವೆಲ್ಲ ಊಟದ ವಿರಾಮದಲ್ಲಿ ನಿಂತು ನೋಡಿ ಮತ್ತೆ ನಮ್ಮ ಮೇಜಿಗೆ ಮರಳುತ್ತೇವೆ. ಈ ದಿನವನ್ನೇ ಏಕೆ ಆರಿಸಿದರು ಎಂದು ಕೇಳುವವರು ಕಡಿಮೆ. ಅದರ ಮೂಲ ಇರುವುದು ನಾವು ಅನ್ನ ಕಂಡುಕೊಂಡಿರುವ ಈ ಮುಂಬಯಿಯಲ್ಲೇ, 1944ರಲ್ಲಿ ವಿಕ್ಟೋರಿಯಾ ಡಾಕ್‌ನಲ್ಲಿ ಸಂಭವಿಸಿದ ಸ್ಫೋಟದಲ್ಲಿ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಮುಂಬಯಿ ಬಂದರು ಯುದ್ಧಸಾಮಗ್ರಿಯ ಹೆಬ್ಬಾಗಿಲಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆ ಭಾಗದ ಕನ್ನಡಿಗರಿಗೆ ಮುಂಬಯಿಯೇ ರಾಜಧಾನಿ. ದಕ್ಷಿಣ ಕನ್ನಡದವರಂತೂ ಹೋಟೆಲು, ಅಂಗಡಿ, ಆಫೀಸುಗಳಲ್ಲಿ ಕೆಲಸ ಹುಡುಕಿಕೊಂಡು ಆ ಮೊದಲೇ ಬಂದು ನೆಲೆಸಿದ್ದರು. ಹೀಗಾಗಿ ಇದು ನಮ್ಮ ಹಿರಿಯರು ಬಾಳಿದ ಊರಿನ ಕಥೆ.

ಹಡಗಿನ ಹೆಸರು ‘ಫೋರ್ಟ್ ಸ್ಟಿಕೀನ್’. 1942ರಲ್ಲಿ ಕೆನಡಾದಲ್ಲಿ ಕಟ್ಟಿದ, 7,142 ಟನ್ನಿನ ಸರಕು ಹಡಗು. 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟು ಕರಾಚಿಯ ಮಾರ್ಗವಾಗಿ ಎಪ್ರಿಲ್ 12ರಂದು ಮುಂಬಯಿ ತಲುಪಿತು. ಅದರ ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಜೊತೆಗೆ ಯುದ್ಧವಿಮಾನಗಳು. ನಂಬರು ಎರಡರ ಉಗ್ರಾಣದಲ್ಲಿ ಬೆಸುಗೆ ಹಾಕಿ ಭದ್ರಪಡಿಸಿದ ಉಕ್ಕಿನ ಕೋಣೆಯೊಳಗೆ 31 ಪೆಟ್ಟಿಗೆಗಳು, ಅವುಗಳಲ್ಲಿ 124 ಚಿನ್ನದ ಗಟ್ಟಿಗಳು, ಒಂದೊಂದರ ತೂಕ ಹನ್ನೆರಡೂವರೆ ಕಿಲೋಗಿಂತ ಹೆಚ್ಚು. ಇದು ಸಾಲದೆಂಬಂತೆ ಕರಾಚಿಯಲ್ಲಿ ಸಾವಿರಾರು ಹತ್ತಿ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿದರು. ಈ ಬಗೆಯ ಸರಕನ್ನು ಒಟ್ಟಿಗೆ ಹೇರುವುದಕ್ಕೆ ಹಡಗಿನ ಕಪ್ತಾನರು ಆಕ್ಷೇಪಿಸಿದ್ದರು. ಆದರೆ ಯುದ್ಧಕಾಲದಲ್ಲಿ ಹಡಗುಗಳ ಅಭಾವ. ಆಕ್ಷೇಪ ಕಾಗದದಲ್ಲೇ ಉಳಿಯಿತು.

ಎಪ್ರಿಲ್ 14, ಶುಕ್ರವಾರ. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ನಂಬರು ಎರಡರ ಉಗ್ರಾಣದಿಂದ ಹೊಗೆ ಕಾಣಿಸಿತು. ಹತ್ತಿಯ ಬೆಂಕಿ ಭುಗಿಲೆಂದು ಉರಿಯುವಂಥದಲ್ಲ; ಬಿಗಿದು ಕಟ್ಟಿದ ಬೇಲಿನೊಳಗೆ ಗಾಳಿ ಅಡಗಿರುವುದರಿಂದ ಮೇಲೆ ನೀರು ಸುರಿದರೂ ಒಳಗೆ ಕೆಂಡ ಆರುವುದಿಲ್ಲ. ಸುಮಾರು 900 ಟನ್ ನೀರನ್ನು ಒಳಗೆ ಸುರಿದರು. ನೀರೇ ಕುದಿಯತೊಡಗಿತು, ಬೆಂಕಿ ಮಾತ್ರ ಆರಲಿಲ್ಲ. ಹಡಗಿನ ಪಕ್ಕದ ಉಕ್ಕಿನ ತಗಡು ಕಾದು ಬಣ್ಣ ಗುಳ್ಳೆಯೆದ್ದಿತು.

ಇನ್ನೂ ಎರಡು ಗಂಟೆಯ ಅವಧಿ ಇತ್ತು. ಹಡಗನ್ನು ಅಲ್ಲೇ ಮುಳುಗಿಸಬಹುದೇ? ಎಳೆದುಕೊಂಡು ಹೊರಗಿನ ಸಮುದ್ರಕ್ಕೆ ಒಯ್ಯಬಹುದೇ? ಸಲಹೆಗಳು ಹಲವು ಬಂದವು. ಬಂದರಿನವರು, ಸೈನ್ಯದವರು, ನೌಕಾದಳದವರು, ಅಗ್ನಿಶಾಮಕ ದಳದವರು, ಕಪ್ತಾನರು ಎಲ್ಲರೂ ಅಲ್ಲಿದ್ದರು. ಎಲ್ಲರ ಮೇಲೂ ಅಧಿಕಾರವುಳ್ಳ ಒಬ್ಬರು ಮಾತ್ರ ಇರಲಿಲ್ಲ. ಒಂದು ಕಡತ ಐದು ಮೇಜು ಸುತ್ತಿ, ಐವರ ಅಭಿಪ್ರಾಯ ಬಿದ್ದ ಮೇಲೂ ಆದೇಶವಿಲ್ಲದೆ ಬಿದ್ದಿರುವುದನ್ನು ನಾವು ಸರಕಾರಿ ನೌಕರರು ಬಲ್ಲೆವು. ಅಂದು ಅಂಥ ಕಡತದೊಳಗೆ ಒಂದು ನಗರವೇ ಇತ್ತು.

3 ಗಂಟೆ 50 ನಿಮಿಷಕ್ಕೆ ಹಡಗು ಬಿಟ್ಟು ಇಳಿಯುವಂತೆ ಆಜ್ಞೆಯಾಯಿತು. 4 ಗಂಟೆ 6 ನಿಮಿಷಕ್ಕೆ ಹಡಗು ಎರಡು ತುಂಡಾಗಿ ಸಿಡಿಯಿತು. ಹನ್ನೆರಡು ಕಿಲೋಮೀಟರ್ ದೂರದ ಕಿಟಕಿಗಳ ಗಾಜು ಒಡೆಯಿತು. 4 ಗಂಟೆ 34 ನಿಮಿಷಕ್ಕೆ ಇನ್ನೊಂದು ಸ್ಫೋಟ. ಕೊಲಾಬಾ ವೀಕ್ಷಣಾಲಯದ ಭೂಕಂಪಮಾಪಕದಲ್ಲಿ ಎರಡೂ ದಾಖಲಾಗಿವೆ. ಅಕ್ಕಪಕ್ಕದ ಹಡಗುಗಳು ಮುಳುಗಿದವು. ಉರಿಯುವ ಹತ್ತಿ, ಕಾದ ಕಬ್ಬಿಣದ ತುಂಡುಗಳು ಮಳೆಯಂತೆ ಸುರಿದು ಮಸ್ಜಿದ್ ಬಂದರ್, ಮಾಂಡವಿಯ ಕಡೆಯ ಗೋದಾಮುಗಳಿಗೂ ವಸತಿಗಳಿಗೂ ಬೆಂಕಿ ಹತ್ತಿತು. ಸುಮಾರು 80,000 ಜನ ಮನೆಮಾರು ಕಳೆದುಕೊಂಡರು.

ಅಂದು ಮನುಷ್ಯನ ಅತ್ಯುತ್ತಮ ಗುಣವೂ ಕಂಡಿತು. ಒಡಲಲ್ಲಿ ಸ್ಫೋಟಕವಿದೆ ಎಂದು ತಿಳಿದ ಮೇಲೂ ಅಗ್ನಿಶಾಮಕ ದಳದವರು ಹೋಸ್‌ಪೈಪು ಕೆಳಗಿಡಲಿಲ್ಲ. ಅವರಲ್ಲಿ 66 ಮಂದಿ ಅಲ್ಲೇ ಮಡಿದರು. ಮೊದಲ ಸ್ಫೋಟದಲ್ಲಿ ಗಾಯಗೊಂಡವರನ್ನು ಎತ್ತಲು ಓಡಿಹೋದವರು ಎರಡನೆಯದಕ್ಕೆ ಸಿಕ್ಕಿದರು. ಬೆಂಕಿ ಹತೋಟಿಗೆ ಬರಲು ಮೂರು ದಿನ ಬೇಕಾಯಿತು. ಆಮೇಲೆ ಸುಮಾರು 8,000 ಜನ ಏಳು ತಿಂಗಳು ದುಡಿದು ಐದು ಲಕ್ಷ ಟನ್ನಿನಷ್ಟು ಅವಶೇಷ ತೆಗೆದು ಬಂದರನ್ನು ಮತ್ತೆ ನಡೆಯುವಂತೆ ಮಾಡಿದರು.

ಚಿನ್ನದ ಕತೆ ಇನ್ನೊಂದು. ಸ್ಫೋಟದ ರಭಸಕ್ಕೆ ಗಟ್ಟಿಗಳು ಆಕಾಶಕ್ಕೆ ಹಾರಿದವು. ಸುಮಾರು ಒಂದು ಮೈಲಿ ದೂರದಲ್ಲಿದ್ದ ಪಾರ್ಸಿ ಗೃಹಸ್ಥರೊಬ್ಬರ ಮನೆಯ ಮೇಲೆ ಒಂದು ಗಟ್ಟಿ ಬಂದು ಬಿದ್ದಿತು. ಅವರು ಅದನ್ನು ಸರಕಾರಕ್ಕೆ ಒಪ್ಪಿಸಿದರು. ಬಹುಮಾನವಾಗಿ ಸಿಕ್ಕಿದ 999 ರೂಪಾಯಿಯನ್ನೂ ಸಂತ್ರಸ್ತರ ನಿಧಿಗೆ ಕೊಟ್ಟುಬಿಟ್ಟರು. ಯುದ್ಧಕಾಲದ ದುಬಾರಿಯ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಉಳಿದ ಗಟ್ಟಿಗಳಿಗಾಗಿ ಡಾಕ್‌ನ ಕೆಸರನ್ನು ಶೋಧಿಸಿದರು. ದಶಕಗಳ ನಂತರವೂ ಹೂಳೆತ್ತುವಾಗ ಗಟ್ಟಿಗಳು ಸಿಕ್ಕಿದ್ದುಂಟು. ಅವೂ ಆ 124ರ ಲೆಕ್ಕಕ್ಕೇ ಸೇರಿದವು.

ಇನ್ನು ಜೀವದ ಲೆಕ್ಕ. ಸತ್ತವರು ಎಷ್ಟು ಮಂದಿ? ಒಂದು ಕಡೆ ಏಳುನೂರ ಚಿಲ್ಲರೆ, ಇನ್ನೊಂದು ಕಡೆ ಎಂಟುನೂರು, ಮತ್ತೊಂದು ಕಡೆ 1,300. ಬಂದರಿನ ಮತ್ತು ಅಗ್ನಿಶಾಮಕ ದಳದ ನೌಕರರಲ್ಲಿ ಮಡಿದವರು 231 ಎಂದು ಖಚಿತವಾಗಿ ಹೇಳುತ್ತಾರೆ. ಏಕೆಂದರೆ ಅವರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಆದರೆ ಡಾಕ್‌ನ ಕೂಲಿಗಳಲ್ಲಿ ಬಹುಪಾಲು ಜನ ‘ತೋಳಿವಾಲಾ’ ಎಂಬ ಮುಕಾದಮನ ಕೈಕೆಳಗೆ ದಿನಗೂಲಿಗೆ ಬರುವವರು. ಇಂದು ಒಬ್ಬ, ನಾಳೆ ಇನ್ನೊಬ್ಬ. ಗೋದಾಮಿನ ಹಮಾಲರು, ಗಾಡಿಯವರು, ಕಾಲುದಾರಿಯಲ್ಲಿ ಮಲಗುವವರು ಯಾವ ಪುಸ್ತಕದಲ್ಲಿದ್ದರು? ಡಾಕ್ ಕಾರ್ಮಿಕರ ನೌಕರಿಯನ್ನು ನಿಯಮಕ್ಕೆ ಒಳಪಡಿಸುವ ಕಾಯಿದೆ ಬಂದದ್ದು 1948ರಲ್ಲಿ.

ಇದರ ಮೇಲೆ ಯುದ್ಧಕಾಲದ ಸೆನ್ಸಾರ್. ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಮರುದಿನವೇ ಈ ಸುದ್ದಿಯನ್ನು ಬಿತ್ತರಿಸಿತು. ನಮ್ಮ ಸರಕಾರ ವರದಿ ಕಳಿಸಲು ಅನುಮತಿ ಕೊಟ್ಟದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಆ ನಾಲ್ಕು ವಾರಗಳನ್ನು ಊಹಿಸಿಕೊಳ್ಳಿ. ಕೊಂಕಣದಲ್ಲೋ, ಘಟ್ಟದ ಮೇಲೋ, ನಮ್ಮದೇ ಯಾವುದೋ ಹಳ್ಳಿಯಲ್ಲೋ ತಾಯಿಯೊಬ್ಬಳು ತಿಂಗಳ ಮನಿ ಆರ್ಡರಿಗಾಗಿ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿರಬೇಕು. ಹಣ ಬರಲಿಲ್ಲ, ಕಾಗದ ಬರಲಿಲ್ಲ. ಮಗ ಮುಂಬಯಿಯ ಬಣ್ಣಕ್ಕೆ ಮರುಳಾಗಿ ಮನೆ ಮರೆತನೆಂದು ಊರವರು ಆಡಿಕೊಂಡಿರಲೂಬಹುದು. ಸಾವಿನ ಸುದ್ದಿ ಬಂದರೆ ಅಳಬಹುದು, ಹದಿಮೂರನೆಯ ದಿನ ಮಾಡಬಹುದು. ಸುದ್ದಿಯೇ ಬಾರದ ಸಾವಿಗೆ ಅಳುವುದಾದರೂ ಹೇಗೆ?

ನಷ್ಟಪರಿಹಾರಕ್ಕಾಗಿ ಸರಕಾರ ಅದೇ ವರ್ಷ ಸುಗ್ರೀವಾಜ್ಞೆ ಹೊರಡಿಸಿತು; ಅರ್ಜಿ ಹಾಕಿದವರಿಗೆ ಹಣವನ್ನೂ ಕೊಟ್ಟಿತು. ಆದರೆ ಅರ್ಜಿ ಹಾಕಲು ನಷ್ಟವಾದದ್ದು ಗೊತ್ತಿರಬೇಕು, ಕಾಗದಪತ್ರವೂ ಇರಬೇಕು. ವ್ಯಾಪಾರಿಯ ಬಳಿ ಸರಕಿನ ಪಾವತಿ ಇರುತ್ತದೆ. ಹಮಾಲನು ಬದುಕಿದ್ದನೆಂಬುದಕ್ಕೆ ಪಾವತಿ ಎಲ್ಲಿಂದ ತರುವುದು?

ಈ ದುರಂತದಲ್ಲಿ ಬೆಂಕಿ ಹಚ್ಚಿದ ಖಳನಾಯಕನಿಲ್ಲ. ಸೇದಿ ಎಸೆದ ಸಿಗರೇಟಿನ ತುಂಡಿನಿಂದ ಹತ್ತಿ ಹೊತ್ತಿಕೊಂಡಿರಬೇಕೆಂಬುದೇ ಸಾಮಾನ್ಯ ಅಭಿಪ್ರಾಯ. ಕೆಡುಕು ಬಂದದ್ದು ಅಸಡ್ಡೆಯಿಂದ, ಹೊಣೆ ಹೊರಲಾರದ ಅಂಜಿಕೆಯಿಂದ, ಮನುಷ್ಯನಿಗಿಂತ ಸರಕನ್ನು ಹೆಚ್ಚು ಎಚ್ಚರದಿಂದ ಎಣಿಸುವ ಅಭ್ಯಾಸದಿಂದ. ಒಳಿತು ಬಂದದ್ದು ತಮ್ಮ ಹೆಸರು ಎಲ್ಲಿ ದಾಖಲಾಗುತ್ತದೆಂದು ಕೇಳದೆ ಕೆಲಸಕ್ಕೆ ನಿಂತವರಿಂದ.

ಭಾಯಖಳದ ಅಗ್ನಿಶಾಮಕ ಕೇಂದ್ರದಲ್ಲಿ ಮಡಿದ ದಳದವರ ಸ್ಮಾರಕವಿದೆ. ಪ್ರತಿವರ್ಷ ಗೌರವ ಸಲ್ಲುತ್ತದೆ. ಅದು ಯೋಗ್ಯವೇ. ಹೆಸರಿಲ್ಲದೆ ಹೋದವರಿಗೆ ಸ್ಮಾರಕವಿಲ್ಲ. ಆ ದಿನವನ್ನು ಕಂಡವರು ಈಗ ಬೆರಳೆಣಿಕೆಯಷ್ಟು ಮಂದಿ ಉಳಿದಿರಬಹುದು. ಓದುಗರ ಮನೆಯಲ್ಲಿ ‘ಮುಂಬಯಿಗೆ ಹೋದವ ತಿರುಗಿ ಬರಲಿಲ್ಲ’ ಎಂದು ಹಿರಿಯರು ನೆನೆಯುವ ಅಜ್ಜನ ತಮ್ಮನೋ, ದೊಡ್ಡಪ್ಪನೋ ಇದ್ದರೆ ಅವರ ಹೆಸರು, ಊರು, ಕೊನೆಯ ಕಾಗದ ಬಂದ ವರ್ಷ ಇಷ್ಟನ್ನು ಕೇಳಿ ಬರೆದಿಡಿ. ಅವರು ಡಾಕ್‌ನಲ್ಲೇ ತೀರಿಕೊಂಡರೆಂದು ಸಿದ್ಧವಾಗದಿರಬಹುದು. ಆದರೂ ಅವರ ಹೆಸರು ಒಂದು ಪುಸ್ತಕದಲ್ಲಾದರೂ ಇದ್ದಂತಾಗುತ್ತದೆ.