ಮುಖವಾಡವೂ ಮನವಿಯೂ

2012ರ ಜೂನ್ 9ರಂದು ಮುಂಬೈ, ಬೆಂಗಳೂರು ಮೊದಲಾದ ನಮ್ಮ ದೇಶದ ಹಲವು ನಗರಗಳಲ್ಲಿ ಒಂದು ಅಪೂರ್ವ ಪ್ರತಿಭಟನೆ ನಡೆಯಿತು. ಸೇರಿದ್ದವರ ಸಂಖ್ಯೆ ದೊಡ್ಡದೇನಲ್ಲ. ಆದರೆ ಅವರಲ್ಲಿ ಅನೇಕರು ಒಂದೇ ಬಗೆಯ ಮುಖವಾಡ ಧರಿಸಿದ್ದರು. ಬಿಳಿಚಿದ ಮುಖ, ಮೇಲಕ್ಕೆ ತಿರುವಿದ ಮೀಸೆ, ಚೂಪು ಗಡ್ಡ, ತುಟಿಯ ಮೇಲೊಂದು ಹುಸಿನಗೆ. ಇವರು ‘ಅನಾನಿಮಸ್’, ಅಂದರೆ ಅನಾಮಿಕರು ಎಂಬ ಹೆಸರಿನ ಕರೆಗೆ ಓಗೊಟ್ಟು ಬಂದವರು. ಈ ಗುಂಪಿಗೆ ಅಧ್ಯಕ್ಷರಿಲ್ಲ, ಕಚೇರಿಯಿಲ್ಲ, ಸದಸ್ಯರ ಪಟ್ಟಿಯೂ ಇಲ್ಲ. ಇದಕ್ಕೆ ಮೂರು ವಾರಗಳ ಹಿಂದೆ, ಮೇ 17ರಂದು, ಇದೇ ಹೆಸರಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಮತ್ತು ಕಾಂಗ್ರೆಸ್ ಪಕ್ಷದ ಜಾಲತಾಣಗಳ ಮೇಲೆ ದಾಳಿ ನಡೆದಿತ್ತು. ಜೂನ್ ಮೊದಲ ವಾರದಲ್ಲಿ ಸರ್ಕಾರಿ ದೂರವಾಣಿ ಸಂಸ್ಥೆಯಾದ ಎಂ.ಟಿ.ಎನ್.ಎಲ್.ನ ತಾಣವೂ ಅದೇ ದಾಳಿಗೆ ಗುರಿಯಾಯಿತು.

ದಾಳಿಯೆಂದರೆ ಯಾವ ಬಗೆಯದು? ತಾಲ್ಲೂಕು ಕಚೇರಿಯ ಕಿಟಕಿಯೊಂದನ್ನು ಕಲ್ಪಿಸಿಕೊಳ್ಳೋಣ. ಯಾವ ಕೆಲಸವೂ ಇಲ್ಲದ ಸಾವಿರಾರು ಜನ ಏಕಕಾಲದಲ್ಲಿ ಅಲ್ಲಿಗೆ ನುಗ್ಗಿ, ಒಬ್ಬೊಬ್ಬರೂ ಏನಾದರೊಂದು ಕೇಳುತ್ತ ನಿಂತರೆ, ಪಿಂಚಣಿ ವಿಚಾರಿಸಲು ಬಂದ ಅಜ್ಜಿಗೆ ಕಿಟಕಿಯ ಹತ್ತಿರ ಸುಳಿಯಲೂ ಆಗದು. ಗುಮಾಸ್ತನೂ ಕೈಚೆಲ್ಲಿ ಕೂರುತ್ತಾನೆ. ಅಸಂಖ್ಯ ಗಣಕಯಂತ್ರಗಳಿಂದ ಒಂದೇ ತಾಣಕ್ಕೆ ಹುಸಿ ಬೇಡಿಕೆಗಳ ಪ್ರವಾಹ ಹರಿಸಿ ಅದನ್ನು ಸ್ತಬ್ಧಗೊಳಿಸುವ ವಿಧಾನವೂ ಇಂಥದೇ. ಅಲ್ಲಿ ಬೀಗ ಮುರಿಯುವುದಿಲ್ಲ, ಕಡತ ಕದಿಯುವುದಿಲ್ಲ; ದಾರಿಯನ್ನು ಮಾತ್ರ ಮುಚ್ಚಲಾಗುತ್ತದೆ.

ಈ ಸಿಟ್ಟಿಗೆ ಕಾರಣವೊಂದಿತ್ತು. 2012ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ‘3’ ಎಂಬ ತಮಿಳು ಚಲನಚಿತ್ರದ ಕಳ್ಳಪ್ರತಿಗಳು ಅಂತರ್ಜಾಲದಲ್ಲಿ ಹರಡದಂತೆ ತಡೆಯಾಜ್ಞೆ ನೀಡಿತು. ಯಾರು ಕದಿಯುವರೆಂದು ಮುಂಚಿತವಾಗಿ ತಿಳಿಯದು. ಇಂಥ ಸಂದರ್ಭದಲ್ಲಿ ಅಜ್ಞಾತ ಪ್ರತಿವಾದಿಗೆ ‘ಅಶೋಕ್ ಕುಮಾರ್’ ಎಂಬ ಕಲ್ಪಿತ ಹೆಸರಿಡುವ ರೂಢಿ ನಮ್ಮ ನ್ಯಾಯಾಲಯಗಳಲ್ಲಿದೆ. ಆಜ್ಞೆಯನ್ನು ಕೈಗೆತ್ತಿಕೊಂಡ ಅಂತರ್ಜಾಲ ಸೇವಾ ಸಂಸ್ಥೆಗಳು ಕಳ್ಳಪ್ರತಿ ಇದ್ದ ಪುಟಗಳನ್ನಷ್ಟೇ ಮುಚ್ಚದೆ, ವಿಮಿಯೋ, ಡೈಲಿಮೋಷನ್‌ನಂತಹ ತಾಣಗಳನ್ನು ಇಡಿಯಾಗಿಯೇ ಮುಚ್ಚಿಬಿಟ್ಟವು. ಕಳೆಯೊಂದನ್ನು ಕೀಳಲು ಹೊಲಕ್ಕೇ ಬೆಂಕಿಯಿಟ್ಟಂತಾಯಿತು. ತಮ್ಮ ಸ್ವಂತ ಕೃತಿಗಳನ್ನು ಅಲ್ಲಿ ಇರಿಸಿದ್ದ ಪ್ರಾಮಾಣಿಕರೂ ದಂಡ ತೆತ್ತರು. ಅವರಿಗೆ ಮುನ್ಸೂಚನೆಯಿರಲಿಲ್ಲ, ವಿವರಣೆಯೂ ಇರಲಿಲ್ಲ. ಹೆಸರಿಲ್ಲದವರ ಮೇಲೆ ಹೊರಟ ಆಜ್ಞೆಗೆ ಹೆಸರಿಲ್ಲದವರೇ ಉತ್ತರ ಕೊಟ್ಟದ್ದು ವಿಚಿತ್ರವಾದರೂ ಅನಿರೀಕ್ಷಿತವಲ್ಲ.

ಇಂಥ ದಾಳಿ ಅದೇ ಮೊದಲನೆಯದಲ್ಲ. ಆಸ್ಟ್ರೇಲಿಯಾ ಸರ್ಕಾರವು ಗೋಪ್ಯ ಪಟ್ಟಿಯೊಂದರ ಆಧಾರದ ಮೇಲೆ ಜಾಲತಾಣಗಳನ್ನು ಕಡ್ಡಾಯವಾಗಿ ಸೋಸಲು ಹೊರಟಾಗ, 2010ರ ಫೆಬ್ರವರಿಯಲ್ಲಿ ಅಲ್ಲಿನ ಸಂಸತ್ತಿನ ತಾಣವನ್ನು ಅನಾಮಿಕರು ಸ್ತಬ್ಧಗೊಳಿಸಿದರು. ಆಗ ಆ ಯೋಜನೆಯನ್ನು ವಿರೋಧಿಸುತ್ತಿದ್ದವರೇ ದಾಳಿಯನ್ನು ಖಂಡಿಸಿದರು. ಇದರಿಂದ ತಮ್ಮ ವಾದಕ್ಕೇ ಕಳಂಕ ತಗಲುತ್ತದೆಂಬುದು ಅವರ ಅಳಲು. ಸರ್ಕಾರ ಆ ಯೋಜನೆಯನ್ನು ಕೈಬಿಟ್ಟದ್ದು ವರ್ಷಗಟ್ಟಲೆ ನಡೆದ ಬಹಿರಂಗ ಚರ್ಚೆಯ ನಂತರ, 2012ರ ನವೆಂಬರ್‌ನಲ್ಲಿ.

ಟ್ಯುನೀಶಿಯಾದ ಕಥೆ ಬೇರೆ. ಅಲ್ಲಿ 1987ರಿಂದ ಆಳುತ್ತಿದ್ದ ಬೆನ್ ಅಲಿ ಅವರ ಆಡಳಿತವು ಪತ್ರಿಕೆಗಳನ್ನೂ ಅಂತರ್ಜಾಲವನ್ನೂ ಬಿಗಿಮುಷ್ಟಿಯಲ್ಲಿ ಇರಿಸಿತ್ತು. 2011ರ ಜನವರಿ 2ರಂದು ಅನಾಮಿಕರು ಅಧ್ಯಕ್ಷರ, ಪ್ರಧಾನಿಯ ತಾಣಗಳೂ ಸೇರಿದಂತೆ ಹಲವು ಸರ್ಕಾರಿ ತಾಣಗಳ ಮೇಲೆ ಎರಗಿದರು. ಜನವರಿ 14ರಂದು ಬೆನ್ ಅಲಿ ದೇಶ ಬಿಟ್ಟು ಓಡಿದರು. ಆದರೆ ಅವರನ್ನು ಓಡಿಸಿದ್ದು ಸ್ತಬ್ಧಗೊಂಡ ಜಾಲತಾಣಗಳಲ್ಲ. ಗುಂಡೇಟಿಗೆ ಎದೆಯೊಡ್ಡಿ, ತಮ್ಮ ನಿಜ ಮುಖಗಳನ್ನೇ ಹೊತ್ತು ಬೀದಿಗಿಳಿದ ಜನ. ಆದರೂ ಎಲ್ಲ ಬಾಗಿಲುಗಳೂ ಮುಚ್ಚಿದ್ದ ಆ ನಾಡಿನ ಯುವಕರನ್ನು ಬಾಗಿಲು ತೆರೆದಿರುವ ನಾಡುಗಳ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಈಗ ಆ ಮುಖವಾಡದ ಕಡೆಗೆ ತಿರುಗೋಣ. ಅದು 1980ರ ದಶಕದಲ್ಲಿ ಡೇವಿಡ್ ಲಾಯ್ಡ್ ಎಂಬ ಇಂಗ್ಲಿಷ್ ಚಿತ್ರಕಾರರು ಒಂದು ಚಿತ್ರಕಥೆಗಾಗಿ ರೂಪಿಸಿದ ಮುಖ. ಅವರು ಚಿತ್ರಿಸಿದ್ದು ಗೈ ಫಾಕ್ಸ್ ಎಂಬ ಕಥೋಲಿಕನ ಮುಖವನ್ನು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಆತ 1570ರಲ್ಲಿ ಯಾರ್ಕ್ ನಗರದಲ್ಲಿ ಹುಟ್ಟಿದವನು. ಆ ಕಾಲದ ಇಂಗ್ಲೆಂಡಿನಲ್ಲಿ ಸರ್ಕಾರಿ ಸಭೆಯ ಆರಾಧನೆಗೆ ಹೋಗದ ಕಥೋಲಿಕರು ದಂಡ ತೆರಬೇಕಿತ್ತು. ಗುರುಗಳು ಸಿಕ್ಕಿಬಿದ್ದರೆ ನೇಣುಗಂಬವೇ ಗತಿಯಾಗುತ್ತಿತ್ತು. ಬೇಸತ್ತ ಕೆಲವರು ರಾಬರ್ಟ್ ಕೇಟ್ಸ್‌ಬಿಯ ಮುಂದಾಳುತನದಲ್ಲಿ, 1605ರ ನವೆಂಬರ್ 5ರಂದು ಸಂಸತ್ತಿನ ಅಧಿವೇಶನ ಆರಂಭವಾಗುವಾಗ ರಾಜ ಒಂದನೆಯ ಜೇಮ್ಸ್‌ನನ್ನೂ ಸಂಸತ್ತನ್ನೂ ಒಟ್ಟಿಗೇ ಸಿಡಿಸಿಬಿಡಲು ಸಂಚು ಹೂಡಿದರು. ಹಿಂದಿನ ರಾತ್ರಿ ಸಂಸತ್ತಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಸಿಡಿಮದ್ದನ್ನು ಕಾಯುತ್ತಿದ್ದ ಫಾಕ್ಸ್ ಸಿಕ್ಕಿಬಿದ್ದ.

ಆಗ ಇಂಗ್ಲೆಂಡಿನ ಕಥೋಲಿಕ ಗುರುಗಳಿಗೆ ಹಿರಿಯರಾಗಿದ್ದ ಜಾರ್ಜ್ ಬ್ಲ್ಯಾಕ್‌ವೆಲ್ ಅವರು ಈ ಸಂಚನ್ನು ಬಹಿರಂಗವಾಗಿ ಖಂಡಿಸಿದರು. ಪಾಪನಿವೇದನೆಯ ಮುದ್ರೆಯಡಿ ಈ ವಿಷಯ ತಿಳಿದಿದ್ದ ಯೇಸುಸಭೆಯ ಗುರು ಹೆನ್ರಿ ಗಾರ್ನೆಟ್ ಅವರನ್ನು 1606ರ ಮೇ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು. ಅದೇ ವರ್ಷ ಹೊರಟ ಹೊಸ ಕಾನೂನುಗಳು ಕಥೋಲಿಕರನ್ನು ವಕೀಲಿ, ವೈದ್ಯವೃತ್ತಿಗಳಿಂದ ದೂರವಿಟ್ಟವು. ಹೊಸದೊಂದು ನಿಷ್ಠೆಯ ಪ್ರಮಾಣವಚನವನ್ನು ಅವರ ಮೇಲೆ ಹೇರಿದವು. ಸಂಚಿನ ಸುಳಿವೂ ಇಲ್ಲದ ಸಾವಿರಾರು ಕುಟುಂಬಗಳು ಕೆಲವರ ದುಡುಕಿನ ಬೆಲೆಯನ್ನು ತಲೆತಲಾಂತರ ತೆತ್ತವು.

ಕಡೆಗೆ ಕಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆದದ್ದು 1829ರಲ್ಲಿ. ಅದನ್ನು ತೆರೆಸಿದ್ದು ಐರ್ಲೆಂಡಿನ ವಕೀಲ ಡೇನಿಯಲ್ ಓಕಾನೆಲ್ ಅವರು 1823ರಲ್ಲಿ ಕಟ್ಟಿದ ಕಥೋಲಿಕ ಸಂಘ. ಅದರ ಸಾಮಾನ್ಯ ಸದಸ್ಯರ ವಂತಿಗೆ ತಿಂಗಳಿಗೆ ಒಂದು ಪೆನ್ನಿ. ಧರ್ಮಕೇಂದ್ರಗಳ ಬಡ ಒಕ್ಕಲಿಗರು, ಕೂಲಿಕಾರರು ದೇವಾಲಯದ ಬಾಗಿಲಲ್ಲಿ ಆ ಕಾಸನ್ನು ಹಾಕಿ ಬಹಿರಂಗವಾಗಿ ಸಂಘದ ಬೆನ್ನಿಗೆ ನಿಂತರು. ಮೂವತ್ತಾರು ಪೀಪಾಯಿ ಸಿಡಿಮದ್ದು ಮಾಡಲಾಗದ್ದನ್ನು ಆ ಕಾಸುಗಳು ಮಾಡಿದವು.

ಜಾಲತಾಣವನ್ನು ಕೆಲಗಂಟೆ ಸ್ತಬ್ಧಗೊಳಿಸುವುದು ಸಂಸತ್ತನ್ನು ಸಿಡಿಸುವುದಕ್ಕೆ ಸಮವಲ್ಲ. ಅಲ್ಲಿ ರಕ್ತ ಹರಿಯುವುದಿಲ್ಲ. ಆದರೆ ಮಾತನ್ನು ತಡೆಯುವುದು ತಪ್ಪೆನ್ನುವವನು ತಾನೇ ಇನ್ನೊಬ್ಬರ ಮಾತನ್ನು ತಡೆದರೆ ಅವನ ವಾದ ಉಳಿಯುವುದೆಲ್ಲಿ? ಈ ಪ್ರಶ್ನೆಯನ್ನು ಗಣಕಯಂತ್ರದ ಒಳಹೊರಗು ಬಲ್ಲವರೇ ಎಂದೋ ಎತ್ತಿದ್ದರು. 1998ರ ಕೊನೆಯಲ್ಲಿ ಹ್ಯಾಕರ್‌ಗಳ ಗುಂಪೊಂದು ಮಾನವ ಹಕ್ಕುಗಳ ಹೆಸರಿನಲ್ಲಿ ಚೀನಾ ಮತ್ತು ಇರಾಕ್ ದೇಶಗಳ ಗಣಕಜಾಲಗಳ ಮೇಲೆ ಯುದ್ಧ ಸಾರಿದಾಗ, 1999ರ ಜನವರಿಯಲ್ಲಿ ಇತರ ಹಲವು ಹ್ಯಾಕರ್ ಗುಂಪುಗಳು ಜಂಟಿ ಹೇಳಿಕೆ ಹೊರಡಿಸಿ ಅದನ್ನು ವಿರೋಧಿಸಿದವು.

ನಮ್ಮ ದೇಶದಲ್ಲಿ ಮುಂದೇನಾಯಿತು? ಸೇವಾ ಸಂಸ್ಥೆಗಳು ಮದ್ರಾಸ್ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದವು. 2012ರ ಜೂನ್ 22ರಂದು ನ್ಯಾಯಾಲಯವು ತನ್ನ ಆಜ್ಞೆ ಕಳ್ಳಪ್ರತಿಯಿರುವ ನಿರ್ದಿಷ್ಟ ಪುಟಕ್ಕೆ ಮಾತ್ರ ಅನ್ವಯಿಸುತ್ತದೆ, ಇಡೀ ತಾಣಕ್ಕಲ್ಲ ಎಂದು ಸ್ಪಷ್ಟಪಡಿಸಿತು.

ಆದರೆ ನಿಯಂತ್ರಣವೆಲ್ಲ ಅನ್ಯಾಯವೆಂದು ತೀರ್ಮಾನಿಸುವಂತಿಲ್ಲ. ಅದೇ ವರ್ಷದ ಆಗಸ್ಟ್ ತಿಂಗಳನ್ನು ಬೆಂಗಳೂರಿನವರು ಮರೆತಿರಲಾರರು. ದಾಳಿ ನಡೆಯಲಿದೆಯೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲು ಹತ್ತಿದರು. ಸರ್ಕಾರ ರಾಶಿ ಸಂದೇಶಗಳಿಗೆ ಮಿತಿ ಹೇರಿತು, ಸುಮಾರು ಮುನ್ನೂರು ಪುಟಗಳನ್ನು ಮುಚ್ಚಿಸಿತು. ಸುಳ್ಳು ಸುದ್ದಿಯಿಂದ ಜೀವಭಯ ಹುಟ್ಟುವಾಗ ಆಳುವವರು ಕೈಕಟ್ಟಿ ಕೂರಲಾಗದು. ಆದರೆ ಹಾಗೆ ಮುಚ್ಚಿದವುಗಳಲ್ಲಿ ಕೆಲವು ಪತ್ರಕರ್ತರ ಖಾತೆಗಳೂ ಇದ್ದವು. ಆದ್ದರಿಂದ ಪ್ರಶ್ನೆ ನಿಯಂತ್ರಣ ಬೇಕೇ ಬೇಡವೇ ಎಂಬುದಲ್ಲ. ಅದು ಎಷ್ಟು, ಯಾರಿಂದ, ಯಾರಿಗೆ ಉತ್ತರದಾಯಿಯಾಗಿ ಎಂಬುದು.

ಅದೇ ನವೆಂಬರ್‌ನಲ್ಲಿ ಈ ಪ್ರಶ್ನೆ ಮತ್ತೆ ಎದುರಾಯಿತು. ಬಾಳ್ ಠಾಕ್ರೆಯವರ ನಿಧನದ ನಂತರ ನಡೆದ ಬಂದ್ ಕುರಿತು ಮಹಾರಾಷ್ಟ್ರದ ಪಾಲ್ಘರ್‌ನ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಮೆಚ್ಚುಗೆ ಸೂಚಿಸಿದಳು, ಇಬ್ಬರೂ ಬಂಧಿತರಾದರು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯು ‘ಕಿರಿಕಿರಿ’ಯಂತಹ ಅಸ್ಪಷ್ಟ ಕಾರಣಕ್ಕೂ ಮೂರು ವರ್ಷದವರೆಗಿನ ಸೆರೆಗೆ ಅವಕಾಶ ಕೊಟ್ಟಿತ್ತು. ಇಪ್ಪತ್ತೊಂದು ವರ್ಷದ ಶ್ರೇಯಾ ಸಿಂಘಾಲ್ ಈ ವಿಧಿಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಮನವಿ ಸಲ್ಲಿಸಿದರು. ಆರು ತಿಂಗಳ ಹಿಂದೆ ಅನಾಮಿಕರು ಯಾವ ನ್ಯಾಯಾಲಯದ ತಾಣವನ್ನು ಮುಚ್ಚಿಸಿದ್ದರೋ, ಅದರ ಬಾಗಿಲನ್ನೇ ಈಕೆ ತಮ್ಮ ಹೆಸರು ಹೇಳಿ ತಟ್ಟಿದರು. 2015ರ ಮಾರ್ಚ್ 24ರಂದು ನ್ಯಾಯಾಲಯವು ಆ ವಿಧಿಯನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು.

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ತಾಣಗಳನ್ನು ಮುಚ್ಚಿಸಲು ಸರ್ಕಾರಕ್ಕಿರುವ ಅಧಿಕಾರವನ್ನು ಅದೇ ತೀರ್ಪು ಎತ್ತಿಹಿಡಿಯಿತು. 2020ರ ಜನವರಿಯಲ್ಲಿ, ಪತ್ರಕರ್ತೆ ಅನುರಾಧಾ ಭಾಸಿನ್ ಅವರು ಕಾಶ್ಮೀರದ ಅಂತರ್ಜಾಲ ಸ್ಥಗಿತದ ವಿರುದ್ಧ ಸಲ್ಲಿಸಿದ್ದ ಅರ್ಜಿಯ ಮೇಲೆ, ಇಂಥ ಆದೇಶಗಳನ್ನು ಸರ್ಕಾರ ಪ್ರಕಟಿಸಲೇಬೇಕು ಎಂದು ನ್ಯಾಯಾಲಯ ಹೇಳಿತು. ಗುಟ್ಟಾಗಿ ಬಾಯಿ ಮುಚ್ಚಿಸುವ ಆಡಳಿತ ಮುಖವಾಡಗಳನ್ನು ತಾನೇ ಹುಟ್ಟುಹಾಕುತ್ತದೆ ಎಂಬುದನ್ನು ಆಳುವವರು ಅರಿತರೆ ಒಳಿತು.

ನಮ್ಮ ಮನೆಗಳ ಮಕ್ಕಳು ಇಂದು ಬಹುಪಾಲು ಈ ಜಾಲದಲ್ಲಿಯೇ ಓದುತ್ತಾರೆ, ಮಾತಾಡುತ್ತಾರೆ, ಸಿಟ್ಟಾಗುತ್ತಾರೆ. ಅನ್ಯಾಯ ಕಂಡಾಗ ಅವರಿಗೆ ಸಿಟ್ಟು ಬರುವುದು ಒಳ್ಳೆಯ ಲಕ್ಷಣವೇ. ಅದನ್ನು ಗದರಿಸಿ ಅಡಗಿಸುವ ಬದಲು, ಒಂದು ಅರ್ಜಿ ಬರೆಯುವುದು ಹೇಗೆ, ಅದರ ಕೆಳಗೆ ತಮ್ಮ ಹೆಸರು ಬರೆದು ಸಹಿ ಹಾಕುವ ಧೈರ್ಯ ಎಲ್ಲಿಂದ ಬರುತ್ತದೆ ಎಂಬುದನ್ನು ಅವರಿಗೆ ಕಲಿಸಬೇಕಾದವರು ನಾವೇ.