ಸೂಜಿ ನಿಂತಿತು, ಬಟ್ಟೆ ನಡೆಯಿತು

‘ಕಸೂತಿ’ ಎಂಬ ಮಾತು ‘ಕೈ’ ಮತ್ತು ‘ಸೂತಿ’ ಎಂಬೆರಡು ಪದಗಳು ಕೂಡಿ ಆದದ್ದೆಂದು ಹೇಳುವವರಿದ್ದಾರೆ. ಕೈಯಿಂದ ನೂಲಿನಲ್ಲಿ ಮಾಡಿದ್ದು ಕಸೂತಿ ಎಂದು ಅವರ ವಾದ. ಬೇರೆ ರೀತಿಯಲ್ಲಿ ವ್ಯುತ್ಪತ್ತಿ ಹೇಳುವವರೂ ಉಂಟು. ಆ ವಿವಾದ ಇಲ್ಲಿ ಬೇಡ. ಆದರೆ ಮೊದಲನೆಯ ವಾದವನ್ನು ಒಪ್ಪುವುದಾದರೆ, ಇಂದು ಎಲ್ಲರ ಬಾಯಲ್ಲೂ ಇರುವ ‘ಯಂತ್ರ ಕಸೂತಿ’ ಎಂಬ ಮಾತು ನಮ್ಮ ಕಿವಿಗೆ ಸ್ವಲ್ಪ ವಿಚಿತ್ರವಾಗಿ ಕೇಳಿಸಬೇಕು. ಯಂತ್ರ ಮಾಡಿದ್ದು ಕೈಕೆಲಸವಾಗುವುದು ಹೇಗೆ?

ಯಂತ್ರ ಬಂದರೆ ಕೈ ಹೋಯಿತು ಎಂಬುದು ಸಾಮಾನ್ಯವಾದ ತಿಳಿವಳಿಕೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಕಸೂತಿಯ ಯಂತ್ರದ ಚರಿತ್ರೆಯನ್ನು ಹಿಡಿದು ಹಿಂದಕ್ಕೆ ಹೋದರೆ ಕಥೆ ಅಷ್ಟು ಸರಳವಾಗಿಲ್ಲ. ಅದರ ಒಂದು ಎಳೆ ನಮ್ಮ ದೇಶದ ಚಮ್ಮಾರನ ಕೈಯಲ್ಲಿದ್ದ ಒಂದು ಸಣ್ಣ ಉಪಕರಣದಿಂದಲೇ ಹೊರಡುತ್ತದೆ.

ಅಮರಕೋಶದಲ್ಲಿ ‘ಆರಾ’ ಎಂಬ ಶಬ್ದವಿದೆ. ಚರ್ಮವನ್ನು ತೂತು ಮಾಡುವ ಸಾಧನವೆಂದು ಅದರ ಅರ್ಥ. ಗುಜರಾತ್ ಮತ್ತು ಕಚ್ಛ್ ಪ್ರದೇಶದ ಮೋಚಿಗಳು ಇದೇ ಸಾಧನದ ತುದಿಗೆ ಒಂದು ಸಣ್ಣ ಕೊಕ್ಕೆಯನ್ನು ಕೊಟ್ಟು, ಮೊದಲು ತೊಗಲಿನ ಮೇಲೂ ಅನಂತರ ಬಟ್ಟೆಯ ಮೇಲೂ ಸರಪಳಿಯಂಥ ಹೊಲಿಗೆಯನ್ನು ಹಾಕುತ್ತ ಬಂದರು. ಬಟ್ಟೆಯ ಕೆಳಗೆ ಎಡಗೈಯಲ್ಲಿ ನೂಲು. ಮೇಲೆ ಬಲಗೈಯಲ್ಲಿ ಆರಿ. ಕೊಕ್ಕೆ ಕೆಳಗಿಳಿದು ನೂಲನ್ನು ಹಿಡಿದು ಮೇಲಕ್ಕೆಳೆಯುತ್ತದೆ; ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಡುತ್ತದೆ. ಸೂಜಿಯಂತೆ ಪ್ರತಿ ಸಲವೂ ದಾರವನ್ನು ಪೂರ್ತಿ ಎಳೆಯಬೇಕಾಗಿಲ್ಲವಾದುದರಿಂದ ಕೆಲಸ ಬೇಗ ಸಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಖಂಬಾತಿನ ಕಡೆಯ ಸರಪಳಿ ಹೊಲಿಗೆಯ ಹಾಸುಬಟ್ಟೆಗಳೂ ತೆರೆಗಳೂ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದುವು.

ಬಟ್ಟೆಯ ಹಿಂದೆಯೇ ವಿದ್ಯೆಯೂ ಹೋಯಿತು. ಹದಿನೆಂಟನೆಯ ಶತಮಾನದಲ್ಲಿ ಪೂರ್ವದೇಶದ ಈ ಕೊಕ್ಕೆಯ ಕೆಲಸ ಫ್ರಾನ್ಸಿನ ದೊಡ್ಡ ಮನೆತನದ ಹೆಂಗಸರಿಗೆ ಒಂದು ಹವ್ಯಾಸವಾಯಿತು. ಬಟ್ಟೆಯನ್ನು ತಮಟೆಯ ಹಾಗೆ ಬಿಗಿದ ಚೌಕಟ್ಟಿನ ಮೇಲೆ ಮಾಡುತ್ತಿದ್ದುದರಿಂದ ಅದಕ್ಕೆ ‘ತಂಬೂರ್’ ಎಂದು ಹೆಸರು. 1770ರಲ್ಲಿ ಫ್ರೆಂಚ್ ಅರಸನ ಕಸೂತಿಗೆ ಚಿತ್ರ ಬರೆದುಕೊಡುತ್ತಿದ್ದ ಸೇಂತ್ ಒಬಾಂ ಎಂಬಾತ ಬರೆದ ಗ್ರಂಥದಲ್ಲಿ ಈ ಕೆಲಸದ ವರ್ಣನೆಯಿದೆ. ಬಿಡುವಿನ ವಿನೋದ ಮುಂದೆ ಬಡವರ ಕಸುಬಾಯಿತು. ಲಿಯಾನ್ ನಗರದ ಸುತ್ತಣ ಹಳ್ಳಿಗಳಲ್ಲಿ ಎಷ್ಟೋ ಹೆಂಗಸರು ಇದರಿಂದ ಹೊಟ್ಟೆ ಹೊರೆದುಕೊಳ್ಳುತ್ತಿದ್ದರು.

ಆ ಕೈಗಳ ಚಲನೆಯನ್ನು ನೋಡಿದ ಬಾರ್ತೆಲೆಮಿ ತಿಮೊನಿಯೆ ಎಂಬ ಬಡ ದರ್ಜಿಗೆ ಅದನ್ನು ಯಂತ್ರಕ್ಕೆ ಒಪ್ಪಿಸುವ ಯೋಚನೆ ಬಂದಿತಂತೆ. ಮರದ ಚೌಕಟ್ಟಿನ ಅವನ ಯಂತ್ರಕ್ಕೆ 1830ರಲ್ಲಿ ಪೇಟೆಂಟು ದೊರೆಯಿತು. ಅದರ ಸೂಜಿ ಆರಿಯಂಥ ಕೊಕ್ಕೆಯೇ, ಹೊಲಿಗೆಯೂ ಸರಪಳಿಯೇ. ಸೈನ್ಯದ ಉಡುಪು ಹೊಲಿಯಲು ಪ್ಯಾರಿಸ್ಸಿನಲ್ಲಿ ಎಂಬತ್ತು ಯಂತ್ರಗಳ ಕಾರ್ಖಾನೆ ನಡೆಯಿತು. 1831ರ ಜನವರಿಯಲ್ಲಿ ದರ್ಜಿಗಳು ಗುಂಪು ಕಟ್ಟಿ ಬಂದು ಅವನ್ನೆಲ್ಲ ಪುಡಿಮಾಡಿದರು. ತಿಮೊನಿಯೆ ಮತ್ತೆ ತಲೆಯೆತ್ತಲಿಲ್ಲ. 1857ರಲ್ಲಿ ಬಡತನದಲ್ಲಿಯೇ ತೀರಿಕೊಂಡ. ದರ್ಜಿಗಳನ್ನು ಮೂರ್ಖರೆಂದು ಕರೆಯುವುದು ಸುಲಭ. ಮನೆಯಲ್ಲಿ ಒಲೆ ಉರಿಯುವುದು ಸೂಜಿಯೊಂದರಿಂದಲೇ ಆಗಿದ್ದವರಿಗೆ ಆ ಎಂಬತ್ತು ಯಂತ್ರಗಳು ಹೇಗೆ ಕಂಡಿರಬೇಕು ಎಂಬುದನ್ನೂ ಯೋಚಿಸಬೇಕು.

ಯಂತ್ರ ಒಡೆದರೂ ಯೋಚನೆ ಒಡೆಯಲಿಲ್ಲ. 1860ರ ದಶಕದಲ್ಲಿ ಬೊನ್ನಾಜ್ ಎಂಬ ಇನ್ನೊಬ್ಬ ಫ್ರೆಂಚನು ಅದನ್ನು ಕಸೂತಿಗೆಂದೇ ತಿದ್ದಿದ. ಮೇಜಿನ ಕೆಳಗೊಂದು ಹಿಡಿಕೆ. ಅದನ್ನು ಯಾವ ಕಡೆಗೆ ತಿರುಗಿಸಿದರೆ ಆ ಕಡೆಗೆ ಹೊಲಿಗೆ ಓಡುತ್ತದೆ. ಕೊರ್ನೆಲಿ ಕಂಪನಿ ಈ ಯಂತ್ರವನ್ನು ಲೋಕಕ್ಕೆಲ್ಲ ಮಾರಿತು. ಭಾರತಕ್ಕೂ ಅದು ಬಂದಿತು. ಚಮ್ಮಾರನ ಆರಿ ಕಬ್ಬಿಣದ ಮೈ ತಳೆದು ತವರಿಗೆ ಮರಳಿದ್ದು ಹೀಗೆ.

ಯಂತ್ರ ಕಸೂತಿಯ ಇನ್ನೊಂದು ಕವಲು ಇದೇ ಕಾಲದಲ್ಲಿ ಬೇರೊಂದು ಕಡೆ ಚಿಗುರಿತು. ಮುಲೂಸ್ ನಗರದ ಜೋಸುವಾ ಹೈಲ್ಮನ್ ಎಂಬಾತ 1828ರಲ್ಲಿ ಒಂದು ಅದ್ಭುತವಾದ ಉಪಾಯವನ್ನು ಕಂಡುಹಿಡಿದ. ಕೈಕಸೂತಿಯಲ್ಲಿ ಬಟ್ಟೆ ನಿಂತಿರುತ್ತದೆ, ಸೂಜಿ ನಡೆಯುತ್ತದೆ. ಹೈಲ್ಮನ್ ಇದನ್ನು ತಲೆಕೆಳಗು ಮಾಡಿದ. ಅವನ ಯಂತ್ರದಲ್ಲಿ ಎರಡು ಕಡೆಯೂ ಮೊನೆಯಿದ್ದು ನಡುವೆ ಕಣ್ಣುಳ್ಳ ಸೂಜಿಗಳ ಸಾಲು ತಮ್ಮ ಸ್ಥಾನದಲ್ಲಿಯೇ ಹಿಂದೆ ಮುಂದೆ ತೂರುತ್ತಿದ್ದುವು. ನೆಟ್ಟಗೆ ನಿಲ್ಲಿಸಿದ ಬಟ್ಟೆಯ ಚೌಕಟ್ಟು ಮಾತ್ರ ಅತ್ತಿತ್ತ ಸರಿಯುತ್ತಿತ್ತು. ಪಕ್ಕದಲ್ಲಿ ಕುಳಿತವನು ದೊಡ್ಡದಾಗಿ ಬರೆದ ಚಿತ್ರದ ಮೇಲೆ ಒಂದು ಕಡ್ಡಿಯನ್ನು ಆಡಿಸಿದರೆ, ಸನ್ನೆಗೋಲುಗಳ ಮೂಲಕ ಅದೇ ಚಲನೆ ಸಣ್ಣದಾಗಿ ಚೌಕಟ್ಟಿಗೆ ಮುಟ್ಟಿ, ಒಂದು ಹೂವಿನ ಬದಲು ಸಾಲು ಸಾಲು ಹೂಗಳು ಒಟ್ಟಿಗೆ ಅರಳುತ್ತಿದ್ದುವು. ಸೂಜಿ ನಿಂತಲ್ಲಿ ನಿಲ್ಲಲಿ, ಬಟ್ಟೆ ನಡೆಯಲಿ: ಅಂದಿನಿಂದ ಇಂದಿನವರೆಗೆ ಬಂದ ಬಹುಪಾಲು ಕಸೂತಿ ಯಂತ್ರಗಳ ಮೂಲಸೂತ್ರ ಇದೇ.

ಈ ಯಂತ್ರ ಬೇರೂರಿದ್ದು ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ಪ್ರಾಂತದಲ್ಲಿ. ರೈತರ ಮನೆಗಳೊಳಗೇ ಯಂತ್ರಗಳು ಬಂದು ಕುಳಿತವು. ಗಂಡಸು ಯಂತ್ರ ನಡೆಸಿದರೆ ಹೆಂಡತಿ ಮಕ್ಕಳು ನೂರಾರು ಸೂಜಿಗಳಿಗೆ ದಾರ ಪೋಣಿಸಬೇಕು. 1877ರ ಕಾರ್ಖಾನೆ ಕಾಯಿದೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಿಂದ ಬಿಡಿಸಿತು. ಮನೆಯ ಹೊಸ್ತಿಲನ್ನು ಅದು ದಾಟಲಿಲ್ಲ. ಅಜ್ಜಿಯರು ಉಡುತ್ತಿದ್ದ ವಿಲಾಯತಿ ಲೇಸಿನ ಅಂದಕ್ಕೆ ಮನಸೋಲುವ ನಾವು, ಅದರ ಹಿಂದೆ ದೀಪದ ಬೆಳಕಿನಲ್ಲಿ ಸೂಜಿಯ ಕಣ್ಣನ್ನು ಹುಡುಕುತ್ತಿದ್ದ ಮಕ್ಕಳ ಕಣ್ಣುಗಳನ್ನೂ ನೆನೆಯಬೇಕು.

1863ರಲ್ಲಿ ಐಸಾಕ್ ಗ್ರೋಬ್ಲಿ ಎಂಬ ಸ್ವಿಸ್ ಕುಶಲಿ, ಹೊಲಿಗೆ ಯಂತ್ರದಂತೆ ಮೇಲೊಂದು ಕೆಳಗೊಂದು ದಾರವನ್ನಿಟ್ಟು ಹೊಸ ಕಸೂತಿ ಯಂತ್ರವನ್ನು ರೂಪಿಸಿದ. ಕೆಳದಾರದ ಲಾಳಿ ದೋಣಿಯ ಆಕಾರದಲ್ಲಿದ್ದುದರಿಂದ ಅದಕ್ಕೆ ‘ಶಿಫ್ಲಿ’, ಎಂದರೆ ಪುಟ್ಟ ದೋಣಿ, ಎಂದು ಹೆಸರಾಯಿತು. 1898ರಲ್ಲಿ ಅವನ ಮಗ ತೂತು ಕೊರೆದ ಕಾಗದದ ಪಟ್ಟಿಯಿಂದಲೇ ಚಿತ್ರವನ್ನು ಓದಿಕೊಳ್ಳುವ ಯಂತ್ರವನ್ನು ಮಾಡಿದ. ಚಿತ್ರದ ಮೇಲೆ ಕಡ್ಡಿಯಾಡಿಸುತ್ತಿದ್ದ ಕೈಯೂ ಅಲ್ಲಿಗೆ ಬಿಡುಗಡೆ ಪಡೆಯಿತು. 1910ರ ಸುಮಾರಿಗೆ ಕಸೂತಿ ಸ್ವಿಟ್ಜರ್ಲೆಂಡಿನ ಅತಿ ದೊಡ್ಡ ರಫ್ತಾಗಿತ್ತು. ಮೊದಲನೆಯ ಮಹಾಯುದ್ಧ ಬಂದಿತು. ಯುದ್ಧ ಮುಗಿಯುವ ಹೊತ್ತಿಗೆ ಹೆಂಗಸರ ಉಡುಪಿನ ರೀತಿ ಬದಲಾಗಿ ಲೇಸು ಯಾರಿಗೂ ಬೇಡವಾಯಿತು. 1920ರ ದಶಕದಲ್ಲಿ ಸರ್ಕಾರದ ನೆರವಿನಿಂದಲೇ ಯಂತ್ರಗಳನ್ನು ಒಡೆದು ಗುಜರಿಗೆ ಹಾಕಿದರು. ಕೆಲಸ ಹೋಗುತ್ತದೆಂದು 1831ರಲ್ಲಿ ಯಂತ್ರ ಒಡೆದರು. ಕೆಲಸವೇ ಇಲ್ಲವೆಂದು ತೊಂಬತ್ತು ವರ್ಷಗಳ ಮೇಲೆ ಮತ್ತೆ ಯಂತ್ರ ಒಡೆದರು. ಒಡೆದ ಕೈಗಳು ಬೇರೆ, ಹಸಿವು ಒಂದೇ.

ಇವೆಲ್ಲ ಕಾರ್ಖಾನೆಯ ಮಾತಾಯಿತು. ಯಂತ್ರ ಕಸೂತಿ ಹವ್ಯಾಸವಾಗಿ ನಡುಮನೆಗೆ ಬಂದದ್ದು ಹೊಲಿಗೆ ಯಂತ್ರದ ಬೆನ್ನೇರಿ. ಅಮೆರಿಕದ ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟು ಪಡೆದ. 1856ರಲ್ಲಿ ಅವನ ಕಂಪನಿ ಕಂತಿನ ಮೇಲೆ ಯಂತ್ರ ಮಾರುವ ಪದ್ಧತಿ ತಂದಿತು. ಹೊಲಿಯುವ ಯಂತ್ರದಲ್ಲೇ ಚಿತ್ರ ಬಿಡಿಸಬಹುದೆಂದು ತೋರಿಸಿದರೆ ಗಿರಾಕಿ ಹೆಚ್ಚುವರೆಂದು ಕಂಡ ಕಂಪನಿ, ಕಸೂತಿಯ ಪಾಠ ಹೇಳಿಕೊಡುವ ಪುಸ್ತಕಗಳನ್ನು ಅಚ್ಚು ಹಾಕಿಸಿತು; ತನ್ನ ಯಂತ್ರದ ಮೇಲೆ ಮಾಡಿದ ಪ್ರಕೃತಿ ದೃಶ್ಯಗಳನ್ನು ಪ್ರದರ್ಶಿಸಿತು. ವ್ಯಾಪಾರದ ಉಪಾಯವೊಂದು ಹೀಗೆ ಕಲೆಗೂ ದಾರಿ ಮಾಡಿತು. 1930ರ ದಶಕದ ಇಂಗ್ಲೆಂಡಿನಲ್ಲಿ ರೆಬೆಕಾ ಕ್ರಾಂಪ್ಟನ್ ಎಂಬ ಕಲಾವಿದೆ ಯಂತ್ರದ ಗೆರೆಯನ್ನು ಕೈಗೆರೆಯ ನಕಲಾಗಿ ಅಲ್ಲ, ಅದರದೇ ಆದ ಗುಣಕ್ಕಾಗಿ ಬಳಸಿ ತೋರಿಸಿದಳು.

ಯಂತ್ರನಾಗರಿಕತೆಯನ್ನು 1909ರ ‘ಹಿಂದ್ ಸ್ವರಾಜ್’ನಲ್ಲಿ ಅಷ್ಟು ಕಟುವಾಗಿ ಖಂಡಿಸಿದ ಗಾಂಧೀಜಿಯವರು, 1924ರಲ್ಲಿ ರಾಮಚಂದ್ರನ್ ಎಂಬ ತರುಣ ಕೇಳಿದ ಪ್ರಶ್ನೆಗೆ ಉತ್ತರ ಕೊಡುವಾಗ ಸಿಂಗರ್ ಯಂತ್ರವೊಂದನ್ನು ಮಾತ್ರ ಬಿಡಿಸಿ ಹೇಳಿದರು. ಹೆಂಡತಿ ಸೂಜಿ ಹಿಡಿದು ಸವೆಯುವುದನ್ನು ನೋಡಲಾರದೆ ಪ್ರೀತಿಯಿಂದ ಸಿಂಗರ್ ಅದನ್ನು ನಿರ್ಮಿಸಿದನೆಂದು ಅವರು ಕೇಳಿದ್ದ ಕಥೆ. ಚರಿತ್ರೆಯ ಸಿಂಗರ್ ಅಂಥ ಕೋಮಲ ಹೃದಯದವನಲ್ಲ. ನಾಟಕದ ನಟನಾಗಿದ್ದ ಅವನು ಬಾಸ್ಟನ್ನಿನ ಒಂದು ಯಂತ್ರಶಾಲೆಯಲ್ಲಿ ದುರಸ್ತಿಗೆ ಬಂದಿದ್ದ ಯಂತ್ರವನ್ನು ಕಂಡು, ಹಣದ ಆಸೆಯಿಂದಲೇ ಅದನ್ನು ತಿದ್ದಿದ. ಆದರೂ ಗಾಂಧೀಜಿಯವರ ವಿವೇಚನೆ ತಪ್ಪಾಗುವುದಿಲ್ಲ. ಯಂತ್ರ ಮನುಷ್ಯನ ಕೈಕಾಲನ್ನು ಸವೆಸುತ್ತದೆಯೋ, ಅದಕ್ಕೆ ನೆರವಾಗುತ್ತದೆಯೋ ಎಂಬುದೇ ಅವರ ಒರೆಗಲ್ಲು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ತಂದಮೇಲೆ ಹೊಲಿಗೆ ಯಂತ್ರ ದೇಶದ ಮನೆ ಮನೆಯ ಮಾತಾಯಿತು.

ನಮ್ಮ ಮನೆಯಲ್ಲಿಯೂ ತಾಯಿಯ ಕಾಲದ ಕಾಲುತುಳಿತದ ಯಂತ್ರವೊಂದಿದೆ. ಗ್ರಂಥಗಳಲ್ಲಿ ಓದಿದ್ದನ್ನು ಅದರ ಮೇಲೆ ಪರೀಕ್ಷಿಸಿ ನೋಡುವ ಕುತೂಹಲದಿಂದ ಕೆಲವು ತಿಂಗಳಿಂದ ಭಾನುವಾರದ ಮಧ್ಯಾಹ್ನಗಳನ್ನು ಅದರೊಂದಿಗೆ ಕಳೆಯುತ್ತಿದ್ದೇನೆ. ಹೈಲ್ಮನ್ನನ ಸೂತ್ರವನ್ನು ತಿಳಿದವರಿಗೆ ಆರಂಭ ಕಷ್ಟವಲ್ಲ. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳ ಮೇಲೆ ತಗಡು ಮುಚ್ಚಬೇಕು, ಅಥವಾ ಅವನ್ನು ಕೆಳಗಿಳಿಸಬೇಕು. ಬಟ್ಟೆಯನ್ನು ಅದುಮುವ ಪಾದವನ್ನು ಬಿಚ್ಚಿಡಬೇಕು. ಆದರೆ ಅದರ ಸನ್ನೆಯನ್ನು ಮಾತ್ರ ಕೆಳಗಿಳಿಸಿಯೇ ಇರಬೇಕು, ಇಲ್ಲದಿದ್ದರೆ ಮೇಲಿನ ದಾರಕ್ಕೆ ಬಿಗಿ ಬಾರದೆ ಅಡಿಯಲ್ಲಿ ಗೋಜಲಾಗುತ್ತದೆ. ರಿಂಗಿನಲ್ಲಿ ಬಟ್ಟೆಯನ್ನು ತಮಟೆಯಂತೆ ಬಿಗಿದು, ಕೈಕಸೂತಿಗೆ ಇಡುವುದಕ್ಕೆ ವಿರುದ್ಧವಾಗಿ, ಬಟ್ಟೆ ಯಂತ್ರದ ಹಾಸಿಗೆ ತಾಗುವಂತೆ ಬೋರಲಿಡಬೇಕು. ಮೊದಲ ಹೊಲಿಗೆಯಲ್ಲೇ ಬಾಬಿನ್ನಿನ ದಾರವನ್ನು ಮೇಲಕ್ಕೆ ತೆಗೆದು ಎರಡು ದಾರಗಳನ್ನೂ ಹಿಡಿದುಕೊಳ್ಳಬೇಕು. ಬೆರಳುಗಳು ರಿಂಗಿನ ಅಂಚಿನಲ್ಲಿರಲಿ. ಸೂಜಿಯ ಹತ್ತಿರ ಬೇಡ.

ಮುಂದಿನದೆಲ್ಲ ಕಾಲಿಗೂ ಕೈಗೂ ನಡೆಯುವ ಸಂಭಾಷಣೆ. ಕಾಲು ಬೇಗ, ಕೈ ನಿಧಾನವಾದರೆ ಹೊಲಿಗೆ ಸಣ್ಣದು. ಕೈ ಬೇಗ, ಕಾಲು ನಿಧಾನವಾದರೆ ಉದ್ದ. ಕೈ ಬಟ್ಟೆಯನ್ನು ಜಗ್ಗಿದರೆ ಸೂಜಿ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಹೊಸಬರು ಹೂಬಳ್ಳಿಗೆ ಹೋಗುವ ಮೊದಲು ಹಳೆಯ ದಪ್ಪ ಬಟ್ಟೆಯ ಮೇಲೆ ಕನ್ನಡ ಅಕ್ಷರಗಳನ್ನು ತಿದ್ದಲಿ ಎಂದು, ಕನ್ನಡದ ಮೇಷ್ಟರಾಗಿ, ನನ್ನ ಸಲಹೆ. ಗುಂಡಾದ ನಮ್ಮ ಲಿಪಿಗೂ ನಿಲ್ಲದೆ ಓಡುವ ಈ ದಾರಕ್ಕೂ ಒಳ್ಳೆಯ ಹೊಂದಾಣಿಕೆಯಿದೆ. ‘ರ’, ‘ಗ’, ‘ಠ’ಗಳಂಥ ಗುಂಡಕ್ಷರಗಳು ಸರಾಗವಾಗಿ ಬಂದರೆ ಬಳ್ಳಿಯೂ ಬರುತ್ತದೆ. ಒತ್ತಕ್ಷರ ಬಂದಾಗ ಮಾತ್ರ ದಾರ ಕತ್ತರಿಸಿ ಮತ್ತೆ ತೊಡಗಬೇಕು. ವ್ಯಾಕರಣದಲ್ಲಿ ಹೇಗೋ ಹೊಲಿಗೆಯಲ್ಲಿಯೂ ಹಾಗೆ, ಅಲ್ಲಿ ಎಚ್ಚರ ಬೇಕು.

ಕಂಪ್ಯೂಟರಿನಿಂದ ನಡೆಯುವ ಯಂತ್ರಗಳು ಬೇರೆಯೇ ಜಾತಿ ಎನ್ನುವಂತಿಲ್ಲ. ಜಪಾನಿನ ಜನೋಮೆ ಕಂಪನಿ 1990ರಲ್ಲಿ ಮನೆಬಳಕೆಗೆಂದು ಇಂಥ ಯಂತ್ರವನ್ನು ತಂದಿತು. ಅದರಲ್ಲಿಯೂ ಸೂಜಿ ನಿಂತಿದೆ, ಚೌಕಟ್ಟು ಸರಿಯುತ್ತದೆ. ಸರಿಸುವುದು ಮಾತ್ರ ಮೋಟಾರು, ಹೇಳಿಕೊಡುವುದು ಕಂಪ್ಯೂಟರು. ಅಲ್ಲಿ ಆರಂಭಿಸುವವರು ಕಲಿಯಬೇಕಾದದ್ದು ಬಟ್ಟೆಯ ಅಡಿಗೆ ಗಟ್ಟಿ ಕಾಗದದಂಥ ಆಸರೆಯನ್ನು ಕೊಡುವುದು, ಸುಕ್ಕಿಲ್ಲದೆ ಬಿಗಿಯುವುದು, ಬಟ್ಟೆಗೆ ತಕ್ಕ ಚಿತ್ರವನ್ನು ಆರಿಸುವುದು. ಕೈಯ ಕೆಲಸ ಕಡಿಮೆಯಾದಷ್ಟೂ ಕಣ್ಣಿನ ಕೆಲಸ ಹೆಚ್ಚುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಧಾರವಾಡದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಅಂಗಡಿಯಲ್ಲಿ ಕಸೂತಿಯ ಸೀರೆಯೊಂದನ್ನು ಕೊಂಡು ಅಜ್ಜಿಗೆ ತೋರಿಸಿದಳಂತೆ. ತೇರು, ಗೋಪುರ, ಆನೆ ಎಲ್ಲವೂ ಅಚ್ಚುಕಟ್ಟಾಗಿದ್ದುವು. ಅಜ್ಜಿ ಮುಟ್ಟಿ ನೋಡಿ, “ಮಾರಿ ಏನ ನೋಡ್ತಿ, ಹೊಳ್ಳಿಸಿ ಬೆನ್ನ ನೋಡು” ಎಂದರಂತೆ. ಸೆರಗನ್ನು ತಿರುಗಿಸಿದರೆ ಅಲ್ಲಿ ಬಿಳಿಯ ಬಾಬಿನ್ ದಾರ, ಅಂಟಿಕೊಂಡ ಕಾಗದದ ಚೂರುಗಳು. ಅಜ್ಜಿಯ ಗವಂತಿಯಲ್ಲಿ ಒಂದೇ ನೂಲು ಎಳೆ ಎಣಿಸುತ್ತ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಹಿಂದಿರುಗುತ್ತದೆ. ಗಂಟಿಲ್ಲ, ಮುಖ ಬೆನ್ನುಗಳ ಭೇದವಿಲ್ಲ. ಯಂತ್ರದಲ್ಲಿ ಎರಡು ನೂಲುಗಳು ಬಟ್ಟೆಯ ನಡುವೆ ಸಂಧಿಸಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎರಡೂ ಹೊಲಿಗೆಗಳೇ, ಆದರೆ ಒಂದು ಇನ್ನೊಂದಲ್ಲ.

ಯಂತ್ರದ್ದನ್ನು ಯಂತ್ರದ್ದೆಂದೇ ಹೇಳಿ ಮಾರಿದರೆ ಯಾರಿಗೂ ತಕರಾರಿಲ್ಲ. ಕೈಯ ಹೆಸರಿನಲ್ಲಿ, ಕೈಯ ಬೆಲೆಗೆ ಮಾರಿದಾಗ ತಿಂಗಳುಗಟ್ಟಲೆ ಕಣ್ಣು ಸವೆಸಿದ ಹೆಣ್ಣುಮಕ್ಕಳ ಕೂಲಿ ಕರಗುತ್ತದೆ. ಪ್ಯಾರಿಸ್ಸಿನ ದರ್ಜಿಗಳ ಕೋಪಕ್ಕಿದ್ದ ಕಾರಣ ಇಲ್ಲಿಯೂ ಇದೆ. ನಮ್ಮವರಿಗೆ ಗುಂಪು ಕಟ್ಟುವ ಅಭ್ಯಾಸವಿಲ್ಲ ಅಷ್ಟೆ. ಹವ್ಯಾಸಕ್ಕಾಗಿ ಯಂತ್ರದ ಮುಂದೆ ಕುಳಿತವರಿಗೆ ಈ ಪಾಪ ತಟ್ಟಬೇಕಾಗಿಲ್ಲ. ಅವರು ಯಾರ ಕೂಲಿಯನ್ನೂ ಕಸಿಯುವುದಿಲ್ಲ. ಅಷ್ಟೇ ಅಲ್ಲ, ನೇರವಾದ ಒಂದು ಗೆರೆಗೆ ಎಷ್ಟು ತಾಳ್ಮೆ ಬೇಕೆಂಬುದನ್ನು ಸ್ವಂತ ಬೆರಳಿನಿಂದ ಅರಿತವರು ಅಂಗಡಿಯಲ್ಲಿ ಕೈಕಸೂತಿಯ ಬೆಲೆಯನ್ನು ಕೇಳಿ ಹುಬ್ಬೇರಿಸಲಾರರು. ಸೀರೆ ಕೊಳ್ಳುವಾಗ ಅವರು ಮೊದಲು ಸೆರಗನ್ನು ತಿರುಗಿಸಿ ಬೆನ್ನನ್ನು ನೋಡುತ್ತಾರೆ. ಯಂತ್ರ ಇಷ್ಟನ್ನು ಕಲಿಸಿದರೆ ಅದು ಕೈಗೆ ಮಾಡಿದ ಉಪಕಾರವೇ ಸರಿ.